ಹಳೇ ಗಾಡಿಗೆ ಎಸಿ: ನೀವು ಕೇಳಿ, ಮೆಕ್ಯಾನಿಕ್ ಹೇಳ್ತಾರೆ

ಅಡ್ಮಿನ್: ಕೊಡಗಿನ ಹಳೇ ಗಾಡಿ ಬಳಗಕ್ಕೆ ನಮಸ್ಕಾರ. ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್‌ಗೆಲ್ಲ ಎಸಿ ಕೂರಿಸೋ ಬಗ್ಗೆ ದಿನಾ ಯಾರಾದ್ರೂ ಕೇಳ್ತಾನೇ ಇರ್ತಾರೆ. ಕುಶಾಲನಗರದಲ್ಲಿ ಕಾರ್ ಎಸಿ ಕೆಲಸ ಮಾಡೋ ನಮ್ಮ ಸದಸ್ಯರೊಬ್ಬರು ಇವತ್ತು ಉತ್ತರ ಕೊಡ್ತಾರೆ. ಗಾಡಿ ಯಾವುದು, ಯಾವ ವರ್ಷದ್ದು, ಬ್ಯಾಟರಿ ಚಾರ್ಜಿಗೆ ಡೈನಮೋನಾ ಆಲ್ಟರ್ನೇಟರಾ, ಇಷ್ಟು ಬರೆದು ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸುಂಟಿಕೊಪ್ಪ ಪದ್ಮಿನಿ: ನಮಸ್ತೆ ಸರ್. 1984ರ ಪದ್ಮಿನಿ, ಆಲ್ಟರ್ನೇಟರ್ ಇದೆ. ಎಸಿ ಹಾಕಿಸಿದ್ರೆ ಎಂಜಿನ್ ಎಳೆಯುತ್ತಾ? ಎಷ್ಟಾಗುತ್ತೆ?

ಎಸಿ ಮೆಕ್ಯಾನಿಕ್: ಎಳೆಯುತ್ತೆ. ನಿಮ್ಮದು 1089 ಸಿಸಿ, ನಲವತ್ತು ಚಿಲ್ಲರೆ ಹಾರ್ಸ್‌ಪವರ್. ಎಸಿ ಗ್ಯಾಸ್ ಒತ್ತೋ ಕಂಪ್ರೆಸರ್ ಓಡುವಾಗ ಅದರಲ್ಲಿ ಮೂರು ನಾಲ್ಕು ತಿನ್ನುತ್ತೆ. ಆನೆಕಾಡಿನ ನೇರ ರಸ್ತೆಯಲ್ಲಿ ಗೊತ್ತಾಗಲ್ಲ, ಬೋಯಿಕೇರಿ ದಾಟಿ ಮಡಿಕೇರಿಗೆ ಹತ್ತುವಾಗ ಚೆನ್ನಾಗಿ ಗೊತ್ತಾಗುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ರೆಸರನ್ನ ಬೆಲ್ಟಿಗೆ ಜೋಡಿಸೋ ಕ್ಲಚ್ ಬಿಡೋ ಹಾಗೆ ಒಂದು ಸ್ವಿಚ್ ಹಾಕಿಸಿ. ದರ ಗಾಡಿ ನೋಡದೆ ಹೇಳಲ್ಲ.

ಪೊನ್ನಂಪೇಟೆ ಒರಿಜಿನಲ್: ಅಲ್ಲ ಮಾರಾಯ್ರೆ, ಕೊಡಗಿನಲ್ಲಿ ಯಾರಿಗೆ ಬೇಕು ಎಸಿ? ಗ್ಲಾಸ್ ಇಳಿಸಿದ್ರೆ ಆಯ್ತು.

ಎಸಿ ಮೆಕ್ಯಾನಿಕ್: ಜುಲೈ ತಿಂಗಳಲ್ಲಿ ಭಾಗಮಂಡಲದ ದಾರಿಯಲ್ಲಿ ಗ್ಲಾಸ್ ಇಳಿಸಿ ನೋಡಿ. ಎಲ್ಲರೂ ಎಸಿ ಅಂದ್ರೆ ಬೇಸಿಗೆ ಅಂದ್ಕೊಂಡಿದ್ದಾರೆ. ನನ್ನ ಹತ್ತಿರ ಬರೋ ಹಳೇ ಗಾಡಿಯವರು ಹೆಚ್ಚಿನವರು ಬರೋದು ಮಳೆಗಾಲದ ಮಂಜಿಗೆ. ಹೊರಗೆ ಮಳೆ ಹೊಡೆದು ಗಾಜು ತಣ್ಣಗಾಗಿರುತ್ತೆ. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಕಾರ್ಪೆಟ್. ಗಾಜಿನ ಒಳಗಡೆ ಆವಿ ಕಟ್ಟದೆ ಇನ್ನೇನಾಗುತ್ತೆ? ಎಸಿಯ ತಣ್ಣನೆ ಕಾಯಿಲ್ ಗಾಳಿಯಲ್ಲಿರೋ ನೀರನ್ನ ಹಿಡಿದು ಗಾಡಿ ಕೆಳಗೆ ತೊಟ್ಟಿಕ್ಕಿಸುತ್ತೆ. ಒಣಗಿದ ಗಾಳಿ ಗಾಜಿಗೆ ಬಿದ್ದ ಕೂಡಲೇ ಮಂಜು ಬಿಡುತ್ತೆ. ಅದಕ್ಕೇ ಕೂರಿಸುವಾಗ ಬರೀ ಮುಖಕ್ಕೆ ಗಾಳಿ ಬರೋ ಹಾಗೆ ಡ್ಯಾಶ್ ಕೆಳಗೆ ಪೆಟ್ಟಿಗೆ ನೇತುಹಾಕಿಸಬೇಡಿ. ಒಂದು ಪೈಪು ಮುಂದಿನ ಗಾಜಿನ ಬುಡಕ್ಕೆ ಹೋಗಲೇಬೇಕು.

ವಿರಾಜಪೇಟೆ ಮಾರ್ಕ್ ಟೂ: ಇದಕ್ಕೆ ಎಸಿ ಬೇಡ ಅಣ್ಣ. "ಆಲೂಗಡ್ಡೆ ಕುಯ್ದು ಗಾಜಿಗೆ ತಿಕ್ಕಿ, ವರ್ಷವಿಡೀ ಮಂಜು ಬರಲ್ಲ, ಎಲ್ಲರಿಗೂ ಕಳಿಸಿ."

ಎಸಿ ಮೆಕ್ಯಾನಿಕ್: ಅದು ವೈಪರ್ ಕೆಟ್ಟಾಗ ಹೊರಗಡೆ ಗಾಜಿಗೆ ತಿಕ್ಕೋದು, ಮಳೆ ಹನಿ ಜಾರಲಿ ಅಂತ. ಒಳಗೆ ತಿಕ್ಕಿದ್ರೆ ರಾತ್ರಿ ಎದುರಿನ ಲೈಟಿಗೆ ಗಾಜೆಲ್ಲ ಬೆಳ್ಳಗಾಗಿ ಏನೂ ಕಾಣಲ್ಲ.

ವಿರಾಜಪೇಟೆ ಮಾರ್ಕ್ ಟೂ: ಸರಿ ಅಣ್ಣ. ನನ್ನ ಗಾಡೀದು ಡೈನಮೋ. ಎಸಿ ನಡೆಯುತ್ತಾ?

ಎಸಿ ಮೆಕ್ಯಾನಿಕ್: ನಡೆಯಲ್ಲ. ಆ ಕಾಲದ ಲೂಕಸ್ ಡೈನಮೋ ಚೆನ್ನಾಗಿ ಓಡಿದ್ರೆ 22 ಆಂಪಿಯರ್ ಕೊಡುತ್ತೆ, ಐಡಲಿನಲ್ಲಿ ಏನೂ ಇಲ್ಲ. ನೀವೇ ಕೂಡಿಸಿ: ಬ್ಲೋವರ್ 10, ಕ್ಲಚ್ ಕಾಯಿಲ್ 4, ಬಿಸಿ ಹೊರಬಿಡೋ ಕಂಡೆನ್ಸರಿನ ಫ್ಯಾನ್ 8. ಅಲ್ಲಿಗೇ ಮುಗೀತು. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರು, ಇಗ್ನಿಶನ್ ಎಲ್ಲಿಂದ ಬರಬೇಕು? ಮೊದಲು ಆಲ್ಟರ್ನೇಟರ್ ಹಾಕಿಸಿ. ಹಾಕೋ ಮುಂಚೆ ಗಾಡಿ ಪಾಸಿಟಿವ್ ಅರ್ತಾ, ಅಂದ್ರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಕೊಟ್ಟಿದ್ದಾರಾ ಅಂತ ನೋಡಿಸಿ, ಬ್ರಿಟಿಷ್ ಕಾಲದ ವೈರಿಂಗಿನಲ್ಲಿ ಅದು ಸಾಮಾನ್ಯ. ಹಾಗೇ ಸಿಕ್ಕಿಸಿದ್ರೆ ಆಲ್ಟರ್ನೇಟರಿನ ಡಯೋಡ್ ಅವತ್ತೇ ಹೋಗುತ್ತೆ.

ಸೋಮವಾರಪೇಟೆ ಬೀಟಲ್: ಸರ್, ನನ್ನದು 6 ವೋಲ್ಟ್ ಬೀಟಲ್, ಎಂಜಿನ್ ಹಿಂದೆ, ರೇಡಿಯೇಟರ್ ಇಲ್ಲ. ಕಂಡೆನ್ಸರ್ ಎಲ್ಲಿ ಕೂರಿಸಬಹುದು?

ಮಡಿಕೇರಿ ಹೆರಾಲ್ಡ್: ಸರ್, ಒಂದು ಸಮಸ್ಯೆ. ಹೆರಾಲ್ಡ್‌ಗೆ ಹೊಸದಾಗಿ ಎಸಿ ಹಾಕಿಸ್ತಿದ್ದೇನೆ, ಕೆಲಸ ನಮ್ಮ ಮನೆ ಶೆಡ್ಡಿನಲ್ಲೇ. ಪೈಪಿನೊಳಗಿನ ಗಾಳಿ, ತೇವ ಎಳೆಯೋ ವ್ಯಾಕ್ಯೂಮ್ ಪಂಪು ಎರಡು ಗಂಟೆ ಓಡಿಸಿದ್ರೂ ಗೇಜು (ಪಾದರಸದ ಲೆಕ್ಕದಲ್ಲಿ) 26 ಇಂಚು ದಾಟ್ತಾ ಇಲ್ಲ. ವಿಡಿಯೋಗಳಲ್ಲಿ 29 ಬರಲೇಬೇಕು ಅಂತಾರೆ. ಮೈಸೂರಿನಿಂದ ಬಂದ ಹುಡುಗ ಪಂಪು ಹಾಳಾಗಿದೆ, ಇಲ್ಲಾಂದ್ರೆ ಲೀಕು ಅಂತ ಎಲ್ಲ ಬಿಚ್ಚೋಕೆ ಹೊರಟಿದ್ದಾನೆ.

ಎಸಿ ಮೆಕ್ಯಾನಿಕ್: ಬಿಚ್ಚಿಸಬೇಡಿ! ಇಂಥ ಪ್ರಶ್ನೆ ಕೇಳಿ ಖುಷಿಯಾಯ್ತು. ನೀವಿರೋದು ಮಡಿಕೇರಿಯಲ್ಲಿ, ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 3,800 ಅಡಿ ಮೇಲೆ. ಆ ಗೇಜು ತೋರಿಸೋದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಕಮ್ಮಿ ಅಂತ. ಮಂಗಳೂರಿನಲ್ಲಿ ಹೊರಗಿನ ಒತ್ತಡ 30 ಇಂಚಿನ ಹತ್ತಿರ, ಅದಕ್ಕೇ ಅಲ್ಲಿ 29 ಬರುತ್ತೆ. ಸಾವಿರ ಅಡಿ ಹತ್ತಿದ್ರೆ ಸುಮಾರು ಒಂದು ಇಂಚು ಕಡಿಮೆ. ನಿಮ್ಮಲ್ಲಿ ಇರೋ ಗಾಳಿಯೇ 26 ಇಂಚಿನದ್ದು. ಪೂರ್ತಿ ಖಾಲಿ ಮಾಡಿದ್ರೂ ಅದಕ್ಕಿಂತ ಮೇಲೆ ಮುಳ್ಳು ಎಲ್ಲಿಂದ ಹೋಗಬೇಕು? ಪಂಪು ಚೆನ್ನಾಗೇ ಇದೆ ಅಂತ ಕಾಣುತ್ತೆ.

ನೀವು ನೋಡಬೇಕಾದ್ದು ಬೇರೆ. ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮುಳ್ಳು ಎಲ್ಲಿದೆ ನೋಡಿ. ಒಂದೇ ಸಮನೆ ಇಳಿದು ಸೊನ್ನೆ ಕಡೆ ಹೋದ್ರೆ ಲೀಕು. ಸ್ವಲ್ಪ ಇಳಿದು ನಿಂತುಬಿಟ್ರೆ ಒಳಗೆ ಇನ್ನೂ ತೇವ ಇದೆ ಅಂತ, ಮತ್ತೆ ಪಂಪು ಓಡಿಸಿ. ಒಳಗೆ ಉಳಿದ ಒತ್ತಡವನ್ನೇ ಅಳೆಯೋ ಮೈಕ್ರಾನ್ ಗೇಜ್ ಸಿಕ್ಕಿದ್ರೆ ಇನ್ನೂ ಒಳ್ಳೆಯದು, ಅದಕ್ಕೆ ಊರಿನ ಎತ್ತರದ ಹಂಗಿಲ್ಲ, 500ರ ಆಸುಪಾಸಿಗೆ ಇಳಿಯಬೇಕು. ತೇವ ಹೀರೋ ಡ್ರೈಯರ್ ಬಾಟಲಿಯ ಮುಚ್ಚಳ ಕೊನೇಗೆ ತೆಗೀರಿ. ಮಳೆಗಾಲದ ಗಾಳಿಗೆ ತೆರೆದಿಟ್ರೆ ಅದರೊಳಗಿನ ಕಾಳು ನೀರು ಕುಡಿದು ಅಲ್ಲೇ ಮುಗೀತು. ಆ ನೀರು ಗ್ಯಾಸ್ ಹಾಯೋ ಸಣ್ಣ ಎಕ್ಸ್‌ಪ್ಯಾನ್ಶನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ಎಸಿ ಬಿಟ್ಟುಬಿಟ್ಟು ತಣಿಯುತ್ತೆ.

ಮಡಿಕೇರಿ ಹೆರಾಲ್ಡ್: ಮುಳ್ಳು ಅಲ್ಲೇ ನಿಂತಿದೆ ಸರ್! ತುಂಬಾ ಥ್ಯಾಂಕ್ಸ್.

ಕೊಡ್ಲಿಪೇಟೆ ಫಿಯೆಟ್: ಎಷ್ಟಾಗುತ್ತೆ ಸರ್ ಒಟ್ಟು?

ಎಸಿ ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ.

ಸಂಪಾಜೆ ಕಂಟೆಸ್ಸಾ: ನನ್ನ ಗಾಡಿಯಲ್ಲಿ ಹಳೇ ಎಸಿ ಉಂಟು, ಆರ್-12 ಗ್ಯಾಸ್ ಅಂತ ಚೀಟಿ ಉಂಟು. ಅದಕ್ಕೇ 134ಎ ಗ್ಯಾಸ್ ತುಂಬಿಸಿದರೆ ಸಾಕಾ?

ಎಸಿ ಮೆಕ್ಯಾನಿಕ್: ಸಾಕಾಗಲ್ಲ. ಹಳೇ ಮಿನರಲ್ ಆಯಿಲ್ 134ಎ ಜೊತೆ ಬೆರೆಯಲ್ಲ, ಕಂಪ್ರೆಸರಿಗೆ ಎಣ್ಣೆ ವಾಪಸ್ ಬರಲ್ಲ. ಅದನ್ನ ಬಸಿದು ಎಸ್ಟರ್ ಆಯಿಲ್. ಹೊಸ ಡ್ರೈಯರ್, ಹೊಸ ಓ-ರಿಂಗ್, ಒಳಪದರ ಇರೋ ಬ್ಯಾರಿಯರ್ ಹೋಸ್. ಗ್ಯಾಸ್ ಆರ್-12ರ ಲೆಕ್ಕದ ನೂರಕ್ಕೆ 80ರಿಂದ ಶುರು ಮಾಡಿ. ಓಝೋನ್ ಪದರಕ್ಕಾಗಿ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಕೈಬಿಟ್ಟ ಗ್ಯಾಸ್ ಅದು. ಯಾರಾದ್ರೂ "ಒರಿಜಿನಲ್ ಆರ್-12 ಇದೆ" ಅಂತ ಡಬ್ಬಿ ತಂದ್ರೆ ನಂಬಬೇಡಿ.

ಗೋಣಿಕೊಪ್ಪ ಜೀಪು: ಇಷ್ಟೆಲ್ಲ ತಲೆನೋವು ಯಾಕೆ? ಅಡುಗೆ ಗ್ಯಾಸ್ ತುಂಬಿಸಿದ್ರೆ ಇದಕ್ಕಿಂತ ಚೆನ್ನಾಗಿ ತಣಿಯುತ್ತೆ ಅಂತ ವಿಡಿಯೋ ಬಂದಿದೆ. ನಮ್ಮೂರಿನ ವೆಲ್ಡರ್ ಮಾಡಿಕೊಡ್ತೀನಿ ಅಂದಿದ್ದಾನೆ. ಲೀಕ್ ಇದೆಯಾ ಅಂತ ಅವನ ಆಕ್ಸಿಜನ್ ಸಿಲಿಂಡರಲ್ಲೇ ಪ್ರೆಷರ್ ಕೊಟ್ಟು ನೋಡ್ತಾನಂತೆ.

ಎಸಿ ಮೆಕ್ಯಾನಿಕ್: ಈಗಲೇ ಅವನಿಗೆ ಫೋನ್ ಮಾಡಿ ನಿಲ್ಲಿಸಿ. ಆಮೇಲೆ ಮುಂದೆ ಓದಿ. ಎಸಿ ಪೈಪಿನೊಳಗೆಲ್ಲ ಕಂಪ್ರೆಸರ್ ಎಣ್ಣೆ ಇರುತ್ತೆ. ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದ್ರೆ ಕಿಡಿಯೂ ಬೇಕಾಗಿಲ್ಲ, ಸಿಡಿಯುತ್ತೆ. ಸಿಲಿಂಡರಿನ ವಾಲ್ವಿಗೆ ಎಣ್ಣೆ ಕೈ ತಾಗಿಸಬಾರದು ಅನ್ನೋದು ಯಾವ ವೆಲ್ಡರಿಗೂ ಗೊತ್ತಿರಬೇಕು. ಲೀಕ್ ನೋಡೋಕೆ ಒಣ ನೈಟ್ರೋಜನ್, ರೆಗ್ಯುಲೇಟರ್ ಹಾಕಿ, 150 ಪಿಎಸ್ಐ, ಜಾಯಿಂಟಿಗೆ ಸೋಪಿನ ನೀರು. ರಾತ್ರಿಯಿಡೀ ಹಾಗೇ ಬಿಡಿ.

ಇನ್ನು ಅಡುಗೆ ಗ್ಯಾಸ್. ತಣಿಯುತ್ತೆ, ನಿಜ. ಅದಕ್ಕೇ ಆ ವಿಡಿಯೋ ಊರೆಲ್ಲ ಸುತ್ತುತ್ತಿರೋದು. ಆದ್ರೆ ಕಾಯಿಲ್ ಇರೋದು ನಿಮ್ಮ ಮೊಣಕಾಲಿನ ಮುಂದೆ. ಲೀಕ್ ಆದ ಗ್ಯಾಸ್ ಗಾಳಿಗಿಂತ ಭಾರ, ಫ್ಲೋರಿನಲ್ಲೇ ಕೂರುತ್ತೆ. ಒಂದು ಸ್ವಿಚ್ ಒತ್ತಿದ್ರೆ ಸಾಕು.

ಗೋಣಿಕೊಪ್ಪ ಜೀಪು: ಹಾಗಾದ್ರೆ ಮನೆ ಫ್ರಿಜ್ಜಿನಲ್ಲಿ ಈಗ ಅದೇ ಜಾತಿ ಗ್ಯಾಸ್ ಇರೋದಲ್ವಾ? ಯಾರ ಮನೆ ಹಾರಿದೆ?

ಎಸಿ ಮೆಕ್ಯಾನಿಕ್: ಫ್ರಿಜ್ಜಿನಲ್ಲಿ ಹತ್ತಾರು ಗ್ರಾಂ ಅಷ್ಟೇ, ಬೆಸುಗೆ ಹಾಕಿದ ಪೈಪು, ರಬ್ಬರ್ ಹೋಸ್ ಇಲ್ಲ. ನಿಮ್ಮ ಫ್ರಿಜ್ಜು ಮಾಕುಟ್ಟ ಘಾಟಿ ಇಳಿಯಲ್ಲ, ಎದುರಿನ ಲಾರಿಗೆ ಗುದ್ದಲ್ಲ. ಇನ್ನು ವಾದ ಬೇಡ. ವೆಲ್ಡರಿಗೆ ಫೋನ್ ಮಾಡಿದ್ರಾ?

ಗೋಣಿಕೊಪ್ಪ ಜೀಪು: ಮಾಡಿದೆ. ಬೈದ.

ಪೊನ್ನಂಪೇಟೆ ಒರಿಜಿನಲ್: ಏನೇ ಹೇಳಿ, ಹಳೇ ಗಾಡಿಗೆ ಎಸಿ ಹಾಕೋದು ಗಾಡಿಗೆ ಮಾಡೋ ಅವಮಾನ. 2021ರ ಕೇಂದ್ರದ ನಿಯಮ ಓದಿ: 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಆಗ ಮಾತ್ರ ವಿಂಟೇಜ್ ಗಾಡಿಯ ವಿಎ ನಂಬರ್.

ಸುಂಟಿಕೊಪ್ಪ ಪದ್ಮಿನಿ: ನಂದು 1984, ನಂಗೆ ಆ ನಂಬರ್ ಸಿಗೋದೇ ಇಲ್ಲ. ಸಿಕ್ಕಿದ್ರೂ ಆ ನಂಬರ್ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ. ನಾನು ಮಕ್ಕಳನ್ನ ಸ್ಕೂಲಿಗೆ ಬಿಡಬೇಕು ಸ್ವಾಮಿ.

ಸಂಪಾಜೆ ಕಂಟೆಸ್ಸಾ: ಎಸಿ ಅಂದ್ರೆ ಮೊನ್ನೆ ಹುಟ್ಟಿದ್ದಾ? ಅಮೆರಿಕದ ಪ್ಯಾಕಾರ್ಡ್ 1940ರ ಮಾಡೆಲಿಗೇ ಎಸಿ ಕೊಟ್ಟಿತ್ತು. ಕಾಯಿಲ್ ಡಿಕ್ಕಿಯಲ್ಲಿ. ಕ್ಲಚ್ ಇಲ್ಲ, ಬೇಡ ಅಂದ್ರೆ ಎಂಜಿನ್ ನಿಲ್ಲಿಸಿ ಬೆಲ್ಟ್ ಕಳಚಬೇಕಿತ್ತು.

ಪೊನ್ನಂಪೇಟೆ ಒರಿಜಿನಲ್: ಪ್ಯಾಕಾರ್ಡಿಗೆ ಕಂಪನಿ ಕೊಟ್ಟಿದ್ದು. ನೀವು ಮಾರುತಿ 800ರ ಕಂಪ್ರೆಸರ್ ನೇತುಹಾಕ್ತೀರಿ. ನನ್ನ ಗಾಡಿಗೆ ಹಾರ್ನ್ ಬಟನ್ ಕೂಡ ಆ ಕಾಲದ್ದೇ.

ಸುಂಟಿಕೊಪ್ಪ ಪದ್ಮಿನಿ: ನಿಮ್ಮ ಗಾಡಿ ಶೆಡ್ಡಿಂದ ಹೊರಗೆ ಬಂದಿದ್ದು ಯಾವಾಗ?

ಅಡ್ಮಿನ್: ವೈಯಕ್ತಿಕ ಬೇಡ ಪ್ಲೀಸ್.

ಸೋಮವಾರಪೇಟೆ ಬೀಟಲ್: ಸರ್, ನನ್ನ ಬೀಟಲ್ ಪ್ರಶ್ನೆ...

ನಾಪೋಕ್ಲು ಅಂಬಾಸಿಡರ್: ಎಸಿ ಬಗ್ಗೆ ದೂರಲ್ಲ ಸರ್, ಹಾಕಿಸಿ ಒಂದು ತಿಂಗಳಾಯ್ತು, ಸೂಪರ್. ಮಾರ್ಕ್ ತ್ರೀ, 1978. ಒಂದೇ ತೊಂದರೆ, ಮನೆಯವಳಿಗೂ ಚಿಕ್ಕವನಿಗೂ ಈ ತಣ್ಣನೆ ಗಾಳಿ ಆಗಿಬರಲ್ಲ ಅಂತ ಕಾಣುತ್ತೆ. ಹುಣಸೂರು ಮುಟ್ಟೋಷ್ಟರಲ್ಲಿ ತಲೆನೋವು, ಮಗು ನಿದ್ದೆಗೆ ಹೋದ್ರೆ ಏಳೋದೇ ಕಷ್ಟ. ಟೀ ಕುಡಿಯೋಕೆ ಇಳಿದು ನಿಂತ್ರೆ ಸರಿಹೋಗುತ್ತೆ. ತಂಪು ಸ್ವಲ್ಪ ಕಡಿಮೆ ಮಾಡೋದು ಹೇಗೆ?

ವಿರಾಜಪೇಟೆ ಮಾರ್ಕ್ ಟೂ: ಅದು ತಿರುವಿನ ರಸ್ತೆಗೆ. ನಿಂಬೆಹಣ್ಣು ಮೂಸೋಕೆ ಕೊಡಿ, ಶುಂಠಿ ಅಗಿಯೋಕೆ ಹೇಳಿ.

ಎಸಿ ಮೆಕ್ಯಾನಿಕ್: ಬೇರೆ ಯಾರೂ ಮಧ್ಯೆ ಬರಬೇಡಿ. ನಾಪೋಕ್ಲು ಸರ್, ಆ ಗಾಡಿಯಲ್ಲಿ ಗ್ಲಾಸ್ ಏರಿಸಿಕೊಂಡು ಇನ್ನೊಂದು ಕಿಲೋಮೀಟರೂ ಹೋಗಬೇಡಿ. ಗಾಡಿಗೆ ಬೀಗ ಹಾಕಿ ಬಂದು ಓದಿ.

ಒಬ್ಬರಿಗಲ್ಲ, ಇಬ್ಬರಿಗೂ ತಲೆನೋವು, ಮಂಪರು, ಇಳಿದು ಹೊರಗಿನ ಗಾಳಿಗೆ ನಿಂತ್ರೆ ಹೋಗುತ್ತೆ. ಇದು ತಂಪಿಂದಲ್ಲ. ಸೈಲೆನ್ಸರ್ ಹೊಗೆ ಒಳಗೆ ಬರ್ತಿದೆ ಅಂತ ನನ್ನ ಅನುಮಾನ, ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇಂಥ ಹಳೇ ಕಾರ್ಬುರೇಟರ್ ಗಾಡಿಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರಲ್ಲ, ಐಡಲಿನಲ್ಲಿ ಹೊಗೆಯ ನೂರಕ್ಕೆ ಮೂರ್ನಾಲ್ಕು ಪಾಲು ಅದೇ ಇರೋದು ಸಾಮಾನ್ಯ. ರಕ್ತ ಅದನ್ನ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಹಿಡ್ಕೊಳ್ಳುತ್ತೆ.

ಎಸಿ ಹಾಕಿದ ಮೇಲೇ ಯಾಕೆ ಅಂದ್ರೆ, ನಲವತ್ತು ವರ್ಷ ನೀವು ಗ್ಲಾಸ್ ಇಳಿಸಿ ಓಡಿಸಿದ್ರಿ, ಎಷ್ಟು ಬಂದ್ರೂ ಹಾರಿಹೋಗ್ತಿತ್ತು. ಈಗ ಗ್ಲಾಸ್ ಏರಿಸಿದ್ದೀರಿ, ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತೆ. ಹೋಸ್ ತರೋಕೆ ಎಂಜಿನ್ನಿಗೂ ನೀವು ಕೂರೋ ಜಾಗಕ್ಕೂ ನಡುವಿನ ತಗಡಿಗೆ ದೊಡ್ಡ ತೂತು ಕೊರೆದಿರ್ತಾರೆ. ಅದಕ್ಕೆ ರಬ್ಬರ್ ಗ್ರೋಮೆಟ್ ಹಾಕಿದ್ದಾರಾ, ಹಾಗೇ ಬಿಟ್ಟಿದ್ದಾರಾ, ಬಾನೆಟ್ ಎತ್ತಿ ಫೋಟೋ ಹಾಕಿ.

ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕತ್ತಲಾದ ಮೇಲೆ ಶೆಡ್ಡಿನಲ್ಲಿ, ಎಂಜಿನ್ ಆಫ್, ಕಾರ್ಪೆಟ್ ಎತ್ತಿ ಒಳಗೆ ಒಂದು ಬಲ್ಬ್ ಉರಿಸಿ. ಗಾಡಿ ಕೆಳಗಿಂದ, ಎಂಜಿನ್ ಕಡೆಯಿಂದ, ಡಿಕ್ಕಿ ಕಡೆಯಿಂದ ನೋಡಿ. ಬೆಳಕು ಎಲ್ಲಿ ಹೊರಗೆ ಬರುತ್ತೋ ಅಲ್ಲಿ ಹೊಗೆ ಒಳಗೆ ಬರುತ್ತೆ. ಪೆಡಲ್ ರಬ್ಬರ್, ಗೇರ್ ಲಿಂಕೇಜ್ ತೂತು, ಹಿಂದಿನ ಸೀಟಿನ ಬುಡ ತಪ್ಪಿಸಬೇಡಿ. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟಿದ್ರೆ ಓಡುವ ಗಾಡಿ ಹಿಂದೆ ಹೊಗೆಯನ್ನ ಅಲ್ಲಿಂದಲೇ ಎಳ್ಕೊಳ್ಳುತ್ತೆ.

ಆಮೇಲೆ ಸೈಲೆನ್ಸರ್. ಎಂಜಿನ್ನಿಂದ ಹೊಗೆ ಹೊರಬರೋ ಮ್ಯಾನಿಫೋಲ್ಡಿಗೆ ಪೈಪು ಸೇರೋ ಜಾಗದಲ್ಲಿ ಕರಿ ಮಸಿ ಗೆರೆ ಎದ್ದಿದ್ರೆ ಗ್ಯಾಸ್ಕೆಟ್ ಹೋಗಿದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಸ್ಟಾರ್ಟ್ ಮಾಡಿ ಒಬ್ಬರು ದಪ್ಪ ಒದ್ದೆ ಬಟ್ಟೆಯನ್ನ ಹಿಂದಿನ ಪೈಪಿಗೆ ಕೆಲವೇ ಸೆಕೆಂಡ್ ಒತ್ತಿ ಹಿಡೀಲಿ. ಎಲ್ಲಿ ಬುಸ್ ಅನ್ನುತ್ತೋ ಅದೇ ಲೀಕು.

ಅಮ್ಮತ್ತಿ ಜಾವಾ: ನಾನು ನರ್ಸ್. ಮೆಕ್ಯಾನಿಕ್ ಅಣ್ಣ ಹೇಳಿದ್ದು ಸರಿ. ತಾಯಿ ಮಗುವನ್ನ ಇವತ್ತೇ ಡಾಕ್ಟರಿಗೆ ತೋರಿಸಿ, "ಕಾರಿನ ಹೊಗೆ" ಅಂತ ಬಾಯಿಬಿಟ್ಟು ಹೇಳಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ನಂಬಬೇಡಿ, ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ಅದು 98 ತೋರಿಸುತ್ತೆ.

ಕೊಡ್ಲಿಪೇಟೆ ಫಿಯೆಟ್: "ಎಚ್ಚರಿಕೆ!! ಕಾರಿನ ಡ್ಯಾಶ್‌ಬೋರ್ಡ್ ಬೆಂಜೀನ್ ಬಿಡುತ್ತದೆ, ಕ್ಯಾನ್ಸರ್! ಎಸಿ ಹಾಕುವ ಮುನ್ನ ಐದು ನಿಮಿಷ ಗ್ಲಾಸ್ ಇಳಿಸಿ. ಕನಿಷ್ಠ ಹತ್ತು ಜನರಿಗೆ ಕಳುಹಿಸಿ."

ಎಸಿ ಮೆಕ್ಯಾನಿಕ್: ಇಲ್ಲಿ ಒಂದು ಮಗುವಿನ ವಿಷಯ ನಡೀತಿದೆ. ಅಂಬಾಸಿಡರಿನ ಡ್ಯಾಶ್‌ಬೋರ್ಡ್ ತಗಡು ರೀ, ಏನು ಬಿಡುತ್ತೆ ಅದು? ಓದದೆ ಕಳಿಸೋರು ದಯವಿಟ್ಟು ಗ್ರೂಪ್ ಬಿಡಿ.

ಕೊಡ್ಲಿಪೇಟೆ ಫಿಯೆಟ್: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಯಾಕೆ? ಕೇಳಿದ್ದಕ್ಕೆ ರೇಟೂ ಹೇಳಲ್ಲ.

ಪೊನ್ನಂಪೇಟೆ ಒರಿಜಿನಲ್: ನಾನು ಮೊದಲೇ ಹೇಳಿದ್ದೆ, ಗ್ಲಾಸ್ ಇಳಿಸಿ ಅಂತ.

ಸುಂಟಿಕೊಪ್ಪ ಪದ್ಮಿನಿ: ಅಯ್ಯೋ ಸುಮ್ನಿರಿ ಸಾರ್.

ಮಾದಾಪುರ ಅಂಬಾಸಿಡರ್: ಸರ್ ನನ್ನದು ಡೈನಮೋ. ಎಸಿ ನಡೆಯುತ್ತಾ?

ಎಸಿ ಮೆಕ್ಯಾನಿಕ್: ಮೇಲೆ ಓದಿ.

ನಾಪೋಕ್ಲು ಅಂಬಾಸಿಡರ್: ಫೋಟೋ ಹಾಕಿದ್ದೇನೆ ಸರ್. ಹೋಸಿನ ತೂತಿಗೆ ಗ್ರೋಮೆಟ್ ಇಲ್ಲ, ಹಳೇ ಗೋಣಿಚೀಲದ ತುಂಡು ತುರುಕಿದ್ದಾರೆ. ಮ್ಯಾನಿಫೋಲ್ಡ್ ಕೆಳಗೆ ಮಸಿ ಇದೆ. ಇಬ್ಬರನ್ನೂ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ತಿದ್ದೇನೆ, ತಮ್ಮನ ಗಾಡಿಯಲ್ಲಿ.

ಎಸಿ ಮೆಕ್ಯಾನಿಕ್: ಒಳ್ಳೆಯದಾಯ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬದಲಿಸುವಾಗ ಸ್ಟಡ್ ತುಕ್ಕು ಹಿಡಿದು ಮುರಿಯುತ್ತೆ, ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡೋಕೆ ಹೇಳಿ. ಹಳೇ ಗ್ಯಾಸ್ಕೆಟ್ಟಿಗೆ ಪೇಸ್ಟ್ ಬಳಿದು ವಾಪಸ್ ಕೂರಿಸೋಕೆ ಬಿಡಬೇಡಿ. ತೂತಿಗೆ ಗ್ರೋಮೆಟ್, ಡಿಕ್ಕಿಗೆ ಹೊಸ ಬೀಡಿಂಗ್. ಎಲ್ಲ ಆದ ಮೇಲೆ ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಒಂದನ್ನ ಹಿಂದಿನ ಸೀಟಿನಲ್ಲಿಟ್ಟು ನೀವೊಬ್ಬರೇ ಮೂರ್ನಾಡಿನವರೆಗೆ ಓಡಿಸಿ ನೋಡಿ. ಕೂಗಿದ್ರೆ ಗ್ಲಾಸ್ ಇಳಿಸಿ ನನ್ನ ಹತ್ತಿರ ತನ್ನಿ.

ಅಡ್ಮಿನ್: ಇವತ್ತಿಗೆ ಕಾಮೆಂಟ್ ನಿಲ್ಲಿಸ್ತಿದ್ದೇನೆ. ಕೊಡ್ಲಿಪೇಟೆಯವರು ನಂಗೆ ಮೆಸೇಜ್ ಮಾಡಿ.