ತೋಟದ ಕೋವಿ ಇದ್ದವರಿಗೆ ಪಾಯಿಂಟ್ ಟೂ ಟೂ ಬೇಕೇ? ಬಳಸಿದವರ ಅನುಭವ

ಸಕಲೇಶಪುರದಿಂದ ಪ್ರಶ್ನೆ:
ನಮ್ಮ ಮನೆಯಲ್ಲಿ ತಂದೆಯವರ ಹೆಸರಿನಲ್ಲಿ, ಬೆಳೆ ರಕ್ಷಣೆಗೆಂದು ಪಡೆದ ಹನ್ನೆರಡು ಬೋರಿನ ಜೋಡಿನಳಿಗೆ ಕೋವಿಯಿದೆ. ಅದರ ಕಾಡತೂಸು ದುಬಾರಿ, ಒದೆತವೂ ಜೋರು. ಗುರಿ ಹೊಡೆಯುವುದನ್ನು ಕ್ರಮವಾಗಿ, ಕಡಿಮೆ ಖರ್ಚಿನಲ್ಲಿ ಕಲಿಯಲು ಹಗುರವಾದ .22 ರೈಫಲ್ (ನಳಿಗೆಯ ವ್ಯಾಸ ಸುಮಾರು 0.22 ಇಂಚು) ಕೊಳ್ಳುವುದು ಸೂಕ್ತವೇ? ತೋಟದಲ್ಲಿಯೇ ಅಭ್ಯಾಸ ಮಾಡಬಹುದೇ? ಬಳಸಿದ ಹಿರಿಯರು ದಯವಿಟ್ಟು ತಿಳಿಸಿ.

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರು:
ಕಲಿಯುವುದಕ್ಕಾದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ; ಹಂದಿ ಓಡಿಸುವುದಕ್ಕೆಂದರೆ ಆ ಯೋಚನೆಯನ್ನು ಇಲ್ಲಿಗೇ ಬಿಡಿ. ಹನ್ನೆರಡು ಬೋರಿನಲ್ಲಿ ಈಡು ಹೊಡೆದು ರೂಢಿಯಾದವರಲ್ಲಿ ಬಹುಪಾಲು ಜನರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಕೋವಿ ಒದೆಯುವ ಮೊದಲೇ ಹೆಗಲು ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆಯ ತುದಿ ತಗ್ಗುತ್ತದೆ. ಆದರೆ ಆ ಸದ್ದು ಮತ್ತು ಚರೆಯ ಹರವಿನ ನಡುವೆ ಇದು ಯಾರ ಗಮನಕ್ಕೂ ಬರುವುದಿಲ್ಲ. .22 ಲಾಂಗ್ ರೈಫಲ್ ಕಾಡತೂಸಿನ ಸೀಸದ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ಮಾತ್ರ ತೂಗುವುದರಿಂದ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬೆಚ್ಚುವ ಚಾಳಿ ಬಯಲಾಗುತ್ತದೆ. ನನಗೆ ತರಬೇತುದಾರರು ಮಾಡಿಸಿದ ಪರೀಕ್ಷೆಯನ್ನು ನೀವೂ ಗುರಿ ಅಭ್ಯಾಸದ ರೇಂಜಿನಲ್ಲಿ ಕೇಳಿ ಮಾಡಿಸಿಕೊಳ್ಳಿ. ನೀವು ನೋಡದಂತೆ ಅವರು ಚೇಂಬರಿಗೆ (ನಳಿಗೆಯ ಹಿಂಬದಿಯಲ್ಲಿ ಕಾಡತೂಸು ಕೂರುವ ಗೂಡಿಗೆ) ಒಮ್ಮೆ ಸಜೀವ ಕಾಡತೂಸನ್ನೂ ಒಮ್ಮೆ ಹೊಡೆದ ಖಾಲಿ ಕೇಸನ್ನೂ (ಕಾಡತೂಸಿನ ಕವಚವನ್ನೂ) ಹಾಕಿ ರೈಫಲನ್ನು ಕೈಗೆ ಕೊಡುತ್ತಾರೆ. ಖಾಲಿ ಕೇಸಿನ ಸರದಿ ಬಂದಾಗ ಬರೀ ‘ಟಕ್’ ಎನ್ನುತ್ತದೆ, ಆದರೆ ನಳಿಗೆಯ ತುದಿ ಎರಡು ಬೆರಳು ಕುಸಿದದ್ದು ಪಕ್ಕದಲ್ಲಿ ನಿಂತವರಿಗೆಲ್ಲ ಕಾಣುತ್ತದೆ.

ಹಗುರವಾದ ರೈಫಲ್ ಹೊರಲು ಸುಖ, ನಿಂತು ಗುರಿ ಹಿಡಿಯಲು ಕಷ್ಟ. ತೂಕ ಕಡಿಮೆಯಾದಷ್ಟೂ ಉಸಿರಿನ ಏರಿಳಿತ ಮತ್ತು ಟ್ರಿಗರ್ ಎಳೆಯುವ ಬೆರಳಿನ ಒರಟುತನ ನೇರವಾಗಿ ನಳಿಗೆಗೆ ತಲುಪುತ್ತವೆ. ಸ್ಪರ್ಧೆಗೆ ಹೋಗುವವರು ಇದಕ್ಕಾಗಿಯೇ ಭಾರದ ರೈಫಲ್ ಹಿಡಿಯುತ್ತಾರೆ. ಕಲಿಯುವವನಿಗೆ ಮಾತ್ರ ತನ್ನ ತಪ್ಪನ್ನು ಮುಚ್ಚಿಡದ ಹಗುರ ರೈಫಲೇ ಮೇಲೆಂಬುದು ನನ್ನ ಅಭಿಪ್ರಾಯ.

ಹಾಸನದ ನಿವೃತ್ತ ಎನ್‌ಸಿಸಿ ಅಧಿಕಾರಿಯೊಬ್ಬರು:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಎನ್‌ಸಿಸಿ ಕೆಡೆಟ್‌ಗಳು ಮೊದಲು ಕೈಗೆತ್ತಿಕೊಳ್ಳುವುದೂ .22 ರೈಫಲನ್ನೇ, ಮಲಗಿದ ಭಂಗಿಯಲ್ಲಿ, ಸಮೀಪದ ಗುರಿಗೆ, ಐದು ಗುಂಡು ಒಂದೆಡೆ ಕೂಡುವಂತೆ ಹೊಡೆಯುವುದೇ ಅಲ್ಲಿನ ಮೊದಲ ಪಾಠ. ಗುಂಡುಗಳು ಕೂಡಿದ ಜಾಗ ನಡುವಿನಲ್ಲಿಲ್ಲದಿದ್ದರೆ ಚಿಂತೆಯಿಲ್ಲ, ರೈಫಲಿನ ಮೇಲೆ ಗುರಿ ನೋಡುವ ಸೈಟ್ ತಿರುಗಿಸಿ ಹೊಂದಿಸಿದರಾಯಿತು. ಚದುರಿದ್ದರೆ ಸರಿಪಡಿಸಬೇಕಾದದ್ದು ನಿಮ್ಮನ್ನು. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತ 10.4 ಮಿ.ಮೀ., ಹೆಚ್ಚುಕಡಿಮೆ ಒಂದು ಕಾಫಿ ಹಣ್ಣಿನಷ್ಟು. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ದೂರದಲ್ಲಿ, ಇದೇ .22 ಕಾಡತೂಸಿನಲ್ಲಿ.

ತೋಟದಲ್ಲಿ ಬೇಡವೇ ಬೇಡ. ಸಣ್ಣ ಗುಂಡೆಂದು ಹಗುರವಾಗಿ ಕಾಣಬೇಡಿ, ಅದು ಒಂದೂವರೆ ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಕಲ್ಲಿಗೋ ಕೆರೆಯ ನೀರಿಗೋ ತಾಗಿದರೆ ದಿಕ್ಕು ತಪ್ಪಿ ಚಿಮ್ಮುತ್ತದೆ. ಸಿಲ್ವರ್ ಓಕ್ ಸಾಲಿನ ಆಚೆ ಆಳುಗಳು ಮೆಣಸು ಕೊಯ್ಯುತ್ತಿದ್ದರೂ ನಿಮಗೆ ಕಾಣುವುದಿಲ್ಲ. ಇನ್ನು ಕಾಯಿದೆಯ ಮಾತು: ತಂದೆಯವರ ಪರವಾನಗಿ ಹನ್ನೆರಡು ಬೋರಿಗೆ ಮತ್ತು ಅವರ ಹೆಸರಿಗೆ ಸೀಮಿತ; .22ಕ್ಕೆ ನೀವು ಜಿಲ್ಲಾಧಿಕಾರಿಗಳಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ವರ್ಷಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದೆಂಬುದಕ್ಕೂ ಪರವಾನಗಿಯಲ್ಲಿ ಮಿತಿಯಿರುವುದರಿಂದ, ಗುಂಡಿನ ಬೆಲೆ ಕಡಿಮೆಯೆಂದು ಲೆಕ್ಕ ಹಾಕುವವರು ಈ ಮಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದ್ದರಿಂದ ಮೊದಲು ಗಾಳಿಯ ಒತ್ತಡದಿಂದ ಹೊಡೆಯುವ .177 (0.177 ಇಂಚಿನ) ಏರ್ ರೈಫಲ್ ಕೊಳ್ಳಿ. ನಳಿಗೆಯಿಂದ ಹೊರಬೀಳುವ ಗುಂಡಿನ ಶಕ್ತಿ 20 ಜೌಲ್ ಮೀರದಿದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ, ಗುರುತಿನ ದಾಖಲೆ ಸಾಕು. ದಿನವೂ ಮನೆಯ ಹಿಂದೆ ಭದ್ರವಾದ ತಡೆಯಿಟ್ಟು 10 ಮೀಟರಿನಲ್ಲಿ ಅಭ್ಯಾಸ ಮಾಡಿ; .22ರ ಗುಂಡುಗಳನ್ನು ರೇಂಜಿಗೆ ಹೋದಾಗ ಕಲಿತದ್ದನ್ನು ಒರೆಗೆ ಹಚ್ಚಲು ಉಳಿಸಿ.

ಚಿಕ್ಕಮಗಳೂರಿನವರೊಬ್ಬರು:
ಪ್ರಶ್ನೆ ಕೇಳಿದವರಿಗೆ ಅನ್ವಯಿಸದಿದ್ದರೂ ನಮ್ಮ ಕಡೆಯವರು ಗಮನಿಸಬೇಕಾದ ಒಂದು ಸಂಗತಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಪರವಾನಗಿ ನೀಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಭದ್ರಾ ಅಭಯಾರಣ್ಯದ ಮಗ್ಗುಲಲ್ಲಿರುವ ತೋಟದವರು ರೈಫಲ್ ನೋಡುವ ಮೊದಲು ಇದನ್ನು ವಿಚಾರಿಸಿಕೊಳ್ಳಿ.

.22ರಲ್ಲಿ ಬಡಿತಕ್ಕೆ ಸಿಡಿದು ಬೆಂಕಿ ಹಚ್ಚುವ ಮದ್ದು ಕಾಡತೂಸಿನ ಬುಡದ ಅಂಚಿನೊಳಗೇ ಇರುತ್ತದೆ. ಟ್ರಿಗರ್ ಎಳೆದಾಗ ಪಿನ್ನು ಬಡಿದ ಕಡೆ ಆ ಮದ್ದು ತೆಳುವಾಗಿದ್ದರೆ ಗುಂಡು ಹಾರುವುದಿಲ್ಲ. ಆಗ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಚೇಂಬರನ್ನು ಮುಚ್ಚುವ ಬೋಲ್ಟ್ ತೆರೆಯಿರಿ. ಇದೇ ರಚನೆಯ ಕಾರಣ ಹೊಡೆದ ಕೇಸನ್ನು ಮತ್ತೆ ತುಂಬಿಸಲು ಬರುವುದಿಲ್ಲ. ಖಾಲಿ ಚೇಂಬರಿನ ಮೇಲೆ ಸುಮ್ಮನೆ ಟ್ರಿಗರ್ ಎಳೆಯುತ್ತಿದ್ದರೆ ಹಲವು ರೈಫಲ್‌ಗಳಲ್ಲಿ ಪಿನ್ನು ಚೇಂಬರಿನ ಅಂಚಿಗೇ ಬಡಿದು ಗುಂಡಿ ಬೀಳುತ್ತದೆ. ಮಳೆಗಾಲದಲ್ಲಿ ಕಾಡತೂಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡಿ, ರೈಫಲನ್ನು ಚೀಲದೊಳಗೆ ತಿಂಗಳುಗಟ್ಟಲೆ ಬಿಡಬೇಡಿ, ನಳಿಗೆಯೊಳಗೆ ಕೋಲು ಹಾಕಿ ಒರೆಸುವಾಗ ಬೋಲ್ಟ್ ತೆಗೆದು ಹಿಂಬದಿಯಿಂದಲೇ ಹಾಕಿ. ಗುಂಡು ಹೊರಬೀಳುವ ಬಾಯಿಯ ಕಡೆಯಿಂದ ತುರುಕಿದರೆ ನಳಿಗೆಯ ತುದಿ ಸವೆದು ಗುರಿ ಕೆಡುತ್ತದೆ.