ಮಾನಿಟರ್ ಕೊಳ್ಳುವ ಮುಂಚೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮಾನಿಟರ್ ಮಾರಾಟ ಮತ್ತು ರಿಪೇರಿ ನನ್ನ ಕೆಲಸ. ಅಡ್ಮಿನ್ ಕೇಳಿಕೊಂಡಿದ್ದರಿಂದ ಈ ವಾರ ಗುಂಪಿನಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ. ಕೇಳುವಾಗ ಮೂರು ವಿಷಯ ತಿಳಿಸಿ. ದಿನದಲ್ಲಿ ಜಾಸ್ತಿ ಹೊತ್ತು ಮಾಡುವ ಕೆಲಸ ಏನು, ಪರದೆಯಿಂದ ಎಷ್ಟು ದೂರ ಕೂರುತ್ತೀರಿ, ಕಂಪ್ಯೂಟರಿನಲ್ಲಿ ಯಾವ ಪೋರ್ಟ್ ಇದೆ. "ಯಾವ ಕಂಪನಿದು ಒಳ್ಳೇದು" ಅಂತ ಮಾತ್ರ ಕೇಳಬೇಡಿ. ಒಂದೇ ಕಂಪನಿ ಒಳ್ಳೆಯದನ್ನೂ ಮಾಡುತ್ತದೆ, ಸಾಧಾರಣದ್ದನ್ನೂ ಮಾಡುತ್ತದೆ. ಮಾಡೆಲ್ ನಂಬರ್ ಕೊಟ್ಟರೆ ಮಾತಾಡಬಹುದು.

ಪ್ರಶ್ನೆ (ಗದಗ, ಡಿಟಿಪಿ ಮತ್ತು ಪ್ರೂಫ್ ಕೆಲಸ): ನಮಸ್ಕಾರ್ರೀ ಸರ್. ದಿನಾ ಕನ್ನಡ ಪುಸ್ತಕದ ಪುಟ ಕಟ್ಟೋದು, ಪ್ರೂಫ್ ನೋಡೋದು. ಹಳೆ 19 ಇಂಚಿಂದು ಕೆಟ್ಟೈತಿ. ಅಂಗಡಿಯವರು 27 ಇಂಚಿನ ಫುಲ್ ಎಚ್‌ಡಿ ತಗೊಳ್ರಿ, 24ಕ್ಕೂ ಅದಕ್ಕೂ ರೊಕ್ಕದಾಗ ಭಾಳ ಫರಕ ಇಲ್ಲ ಅಂತಾರ. ದೊಡ್ಡದಾದ್ರ ಅಕ್ಷರ ಚಲೋ ಕಾಣ್ತಾವಲ್ರೀ?

ಉತ್ತರ: ದೊಡ್ಡದಾಗಿ ಕಾಣುತ್ತವೆ ಸರ್, ಸ್ಪಷ್ಟವಾಗಿ ಕಾಣುವುದಿಲ್ಲ. ಫುಲ್ ಎಚ್‌ಡಿ ಅಂದರೆ 1920×1080 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ). ಪರದೆ 24 ಇಂಚಾದರೂ ಅಷ್ಟೇ ಪಿಕ್ಸೆಲ್, 27 ಆದರೂ ಅಷ್ಟೇ. 24ರಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಸಿಗುತ್ತವೆ. 27ಕ್ಕೆ ಹೋದರೆ ಅದು 82ಕ್ಕೆ ಇಳಿಯುತ್ತದೆ. ಪ್ರತಿ ಪಿಕ್ಸೆಲ್ ಹಿಗ್ಗುತ್ತದೆ, ಅಕ್ಷರದ ಅಂಚು ಒರಟಾಗುತ್ತದೆ.

ಇಂಗ್ಲಿಷ್ ಓದುವವರು ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಕನ್ನಡದಲ್ಲಿ, ಅದರಲ್ಲೂ ಪ್ರೂಫ್ ನೋಡುವವರಿಗೆ, ಇದು ನೇರವಾಗಿ ಕೆಲಸಕ್ಕೇ ಹೊಡೆತ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀಟು. 'ರಾಷ್ಟ್ರ' ಬರೆದರೆ ಒಂದರ ಕೆಳಗೆ ಎರಡು ಒತ್ತು ಕೂರಬೇಕು. ವಿಂಡೋಸ್‌ನಲ್ಲಿ 11 ಪಾಯಿಂಟ್ ಅಕ್ಷರವನ್ನು ಶೇ. 100ರಲ್ಲಿ ನೋಡಿದರೆ ಅದರ ಅಳತೆ ಸುಮಾರು 15 ಪಿಕ್ಸೆಲ್. ಅದರಲ್ಲಿ ಒತ್ತಕ್ಷರದ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು. ಗೀಟು ಮಸುಕಾದರೆ 'ದನ' ಇದೆಯೋ 'ಧನ' ಇದೆಯೋ ಎಂದು ಪುಟವನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಬೇಕು. ದಿನಕ್ಕೆ ನೂರಾರು ಪುಟ ನೋಡುವವರಿಗೆ ಇದು ಸಣ್ಣ ಮಾತಲ್ಲ.

ನಿಮಗೆ ನಾನು ಹೇಳುವುದು 27 ಇಂಚಿನ ಕ್ಯುಎಚ್‌ಡಿ, ಅಂದರೆ 2560×1440. ಇಂಚಿಗೆ 109 ಪಿಕ್ಸೆಲ್ ಆಗುತ್ತದೆ. ಇನ್ನೊಂದು ಲಾಭವೂ ಇದೆ. 27 ಇಂಚಿನ ಪರದೆ ಸುಮಾರು 60 ಸೆಂ.ಮೀ. ಅಗಲ, 33 ಸೆಂ.ಮೀ. ಎತ್ತರ. ಎರಡು ಎ4 ಪುಟ ನಿಜ ಅಳತೆಯಲ್ಲೇ ಪಕ್ಕಪಕ್ಕ ಕೂರುತ್ತವೆ. ಪುಸ್ತಕ ಕಟ್ಟುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಅಷ್ಟು ದುಡ್ಡು ಹಾಕಲು ಆಗದಿದ್ದರೆ 24 ಇಂಚಿನ ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯ ಪರದೆ) ತಗೊಳ್ಳಿ. 27ರ ಫುಲ್ ಎಚ್‌ಡಿ ಮಾತ್ರ ಬೇಡ. "32 ಇಂಚಿನ ಕ್ಯುಎಚ್‌ಡಿ ಇದೆ" ಅಂತಲೂ ಹೇಳುತ್ತಾರೆ. ಅದರಲ್ಲೂ ಇಂಚಿಗೆ ಮತ್ತೆ 92 ಪಿಕ್ಸೆಲ್ಲೇ.

ಅದೇ ಸದಸ್ಯರು: ಹಂಗಾದ್ರ 4ಕೆ ತಗೊಂಡ್ರ ಇನ್ನೂ ಛಲೋ ಅಲ್ರೀ?

ಉತ್ತರ: ನೋಡಲು ಖಂಡಿತ ಚೆಂದ. 27 ಇಂಚಿನ 4ಕೆಯಲ್ಲಿ (3840×2160) ಇಂಚಿಗೆ 163 ಪಿಕ್ಸೆಲ್, ಅಕ್ಷರ ಅಚ್ಚಿನ ಹಾಳೆಗೆ ಹತ್ತಿರ ಬರುತ್ತದೆ. ಆದರೆ ಹಾಗೇ ಬಿಟ್ಟರೆ ಎಲ್ಲವೂ ಇರುವೆಯಷ್ಟು ಸಣ್ಣ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಸ್ಕೇಲಿಂಗ್ (ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಆಯ್ಕೆ) ಶೇ. 150 ಇಟ್ಟುಕೊಳ್ಳಬೇಕಾಗುತ್ತದೆ. ಹೊಸ ಸಾಫ್ಟ್‌ವೇರ್ ಇದಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಪೇಜ್‌ಮೇಕರ್‌ನಂಥ ಹಳೆಯ ಸಾಫ್ಟ್‌ವೇರ್ ಹೊಂದಿಕೊಳ್ಳುವುದಿಲ್ಲ. ಮೆನು ಮಂಜಾಗುತ್ತದೆ, ಇಲ್ಲವೇ ಕಣ್ಣಿಗೆ ಸಿಗದಷ್ಟು ಚಿಕ್ಕದಾಗುತ್ತದೆ. ನಮ್ಮ ಡಿಟಿಪಿಯವರಲ್ಲಿ ಈಗಲೂ ಅದರಲ್ಲೇ ಕೆಲಸ ಮಾಡುವವರಿದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ ಕ್ಯುಎಚ್‌ಡಿ ಸಾಕು, ಸ್ಕೇಲಿಂಗ್ ಗೊಡವೆಯೇ ಇಲ್ಲ. ಇನ್‌ಡಿಸೈನ್ ಹೊಸ ಆವೃತ್ತಿ ಇದ್ದರೆ ಧೈರ್ಯವಾಗಿ 4ಕೆ ತಗೊಳ್ಳಿ. ಯಾವುದೇ ತಂದರೂ ಒಂದು ಸಲ ವಿಂಡೋಸ್‌ನ ಕ್ಲಿಯರ್‌ಟೈಪ್ (ಅಕ್ಷರದ ಅಂಚು ನುಣುಪಾಗಿಸುವ ಸೆಟ್ಟಿಂಗ್) ಹೊಂದಿಸಿಕೊಳ್ಳಿ. ಸರ್ಚ್‌ನಲ್ಲಿ ಆ ಹೆಸರು ಹಾಕಿದರೆ ಸಿಗುತ್ತದೆ.

ಇನ್ನೊಬ್ಬ ಸದಸ್ಯರು (ಬೆಂಗಳೂರು): ನಾನು 27 ಫುಲ್ ಎಚ್‌ಡಿ ಬಳಸ್ತಿದ್ದೀನಿ ಸರ್. ನನಗೇನೂ ತೊಂದರೆ ಅನ್ನಿಸಿಲ್ಲ.

ಉತ್ತರ: ಮೂರ್ನಾಲ್ಕು ಅಡಿ ದೂರ ಕೂತು ಸಿನಿಮಾ, ಕ್ರಿಕೆಟ್ ನೋಡಲು ನಿಜವಾಗಿ ತೊಂದರೆ ಇಲ್ಲ. ಗದಗದವರದ್ದು ಹತ್ತಿರ ಕೂತು ಓದುವ ಕೆಲಸ. ಅದಕ್ಕೇ ನಾನು ಅಷ್ಟು ಒತ್ತಿ ಹೇಳಿದ್ದು.

ಪ್ರಶ್ನೆ (ಮೈಸೂರು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ): ಆಫರ್‌ನಲ್ಲಿ 4ಕೆ ಮಾನಿಟರ್ ನೋಡಿದ್ದೇನೆ. ನನ್ನದು ಹಳೆಯ ಲ್ಯಾಪ್‌ಟಾಪ್, ಎಚ್‌ಡಿಎಂಐ ಪೋರ್ಟ್ ಇದೆ. ಸುಮ್ನೆ ಕೇಬಲ್ ಸಿಕ್ಕಿಸಿದರೆ ಆಯ್ತು ಅಲ್ವಾ?

ಉತ್ತರ: ಚಿತ್ರವೇನೋ ಬರುತ್ತದೆ. ಆದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೆಚ್ಚಾಗಿ ಎಚ್‌ಡಿಎಂಐ 1.4. ಅದು 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. ಮೌಸ್ ಎಳೆದಾಗ ಜಗ್ಗಿ ಜಗ್ಗಿ ಹೋಗುತ್ತದೆ, ಪುಟ ಸ್ಕ್ರೋಲ್ ಮಾಡಿದರೆ ಕಿರಿಕಿರಿ. ಎಷ್ಟೋ ಜನ "ಮಾನಿಟರ್ ಸರಿಯಿಲ್ಲ" ಅಂತ ವಾಪಸ್ ತರುತ್ತಾರೆ. ಪಾಪ, ಮಾನಿಟರ್‌ನದ್ದು ಏನೂ ತಪ್ಪಿರುವುದಿಲ್ಲ. 4ಕೆ ಸರಾಗವಾಗಿ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಓಡಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇ ಪೋರ್ಟ್ 1.2 ಬೇಕು, ಅದಕ್ಕೆ ತಕ್ಕ ಕೇಬಲ್ಲೂ ಬೇಕು. ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಹಾಕಿ ಕಂಪನಿಯ ಸೈಟಿನಲ್ಲಿ ನೋಡಿ. 1.4 ಅಂತ ಇದ್ದರೆ ಕ್ಯುಎಚ್‌ಡಿಗೆ ಇಳಿಯಿರಿ. ಅದಕ್ಕೂ ಮುಂಚೆ ನಿಮ್ಮ ಲ್ಯಾಪ್‌ಟಾಪ್ ಎಚ್‌ಡಿಎಂಐನಿಂದ 2560×1440 ಕಳಿಸುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ.

ಮುಂದೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆ ಇದ್ದರೆ ಟೈಪ್-ಸಿ ಇರುವ ಮಾನಿಟರ್ ನೋಡಿ. ಒಂದೇ ಕೇಬಲ್‌ನಲ್ಲಿ ಚಿತ್ರವೂ ಹೋಗುತ್ತದೆ, ಲ್ಯಾಪ್‌ಟಾಪ್ ಚಾರ್ಜೂ ಆಗುತ್ತದೆ. ಇಲ್ಲಿ ಎರಡು ಎಚ್ಚರಿಕೆ. ಲ್ಯಾಪ್‌ಟಾಪ್‌ನ ಎಲ್ಲ ಟೈಪ್-ಸಿ ಪೋರ್ಟ್‌ನಿಂದಲೂ ಚಿತ್ರ ಬರುವುದಿಲ್ಲ, ಕೆಲವು ಡೇಟಾಕ್ಕೆ ಮಾತ್ರ. ಹಾಗೇ ಮಾನಿಟರ್ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದನ್ನು ನೋಡಿ. 15 ವ್ಯಾಟ್ ಅಂದರೆ ಫೋನಿಗೆ ಸರಿ, ಲ್ಯಾಪ್‌ಟಾಪ್‌ಗೆ 65 ಇದ್ದರೆ ನೆಮ್ಮದಿ. ಎರಡು ಮಾನಿಟರ್ ಹಾಕುವ ಆಸೆ ಇರುವ ಮ್ಯಾಕ್‌ಬುಕ್ ಏರ್‌ನವರಿಗೂ ಒಂದು ಮಾತು: ಎಂ1, ಎಂ2 ಚಿಪ್ಪಿನ ಏರ್‌ಗೆ ಹೊರಗಿನ ಒಂದೇ ಪರದೆ ಹಿಡಿಯುತ್ತದೆ.

ಪ್ರಶ್ನೆ (ದಾವಣಗೆರೆ): ಮಗ ಪಿಯುಸಿ. ಗೇಮ್ ಆಡೋಕೆ 144 ಹರ್ಟ್ಸ್, 1 ಎಂಎಸ್ ಬೇಕು ಅಂತ ಹಠ ಮಾಡ್ತಿದ್ದಾನೆ. ನಿಜವಾಗ್ಲೂ ಬೇಕಾ ಅಣ್ಣ?

ಉತ್ತರ: ಅವನು ಹೇಳುವುದರಲ್ಲಿ ಅರ್ಥ ಇದೆ ಅಕ್ಕ. 60 ಹರ್ಟ್ಸ್‌ನಲ್ಲಿ ಹೊಸ ಚಿತ್ರ ಸುಮಾರು 16.7 ಮಿಲಿಸೆಕೆಂಡಿಗೆ ಒಮ್ಮೆ, 144ರಲ್ಲಿ ಸುಮಾರು 7ಕ್ಕೆ ಒಮ್ಮೆ. ಓಡುವ, ಗುಂಡು ಹಾರಿಸುವ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಸೆಕೆಂಡಿಗೆ 144 ಚಿತ್ರ ಮಾಡಿಕೊಡುವ ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರಿನಲ್ಲಿ ಇರಬೇಕು. ಅದು ಇದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಈಗ ಸಾಧಾರಣ ಬೆಲೆಗೇ ಸಿಗುವ 100 ಹರ್ಟ್ಸ್ ಸಾಕು.

ಡಬ್ಬದ ಮೇಲಿನ 1 ಎಂಎಸ್, ಅಂದರೆ ಒಂದು ಮಿಲಿಸೆಕೆಂಡಿನ ಸ್ಪಂದನೆ, ನೋಡಿ ದುಡ್ಡು ಕೊಡಬೇಡಿ. ಅದನ್ನು ಎರಡು ಬೇರೆ ಬೇರೆ ರೀತಿಯಲ್ಲಿ ಅಳೆಯುತ್ತಾರೆ, ಹಾಗಾಗಿ ಎರಡು ಮಾಡೆಲ್‌ಗಳ 1 ಎಂಎಸ್ ಒಂದೇ ಅಲ್ಲ. "ಒಂದು ಕೋಟಿಗೆ ಒಂದು ಕಾಂಟ್ರಾಸ್ಟ್" (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಲೆಕ್ಕ) ಅನ್ನುವುದೂ ಹಾಗೇ. ಪ್ಯಾನೆಲ್‌ನ ನಿಜವಾದ ಕಾಂಟ್ರಾಸ್ಟ್ ಐಪಿಎಸ್‌ನಲ್ಲಿ ಸಾಮಾನ್ಯವಾಗಿ 1000ದ ಆಸುಪಾಸು, ವಿಎ ಎಂಬ ಇನ್ನೊಂದು ಬಗೆಯ ಪ್ಯಾನೆಲ್‌ನಲ್ಲಿ 3000ದ ಆಸುಪಾಸು. ವಿಎಯಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ. ಆದರೆ ಅಗ್ಗದ ವಿಎ ಪ್ಯಾನೆಲ್‌ನಲ್ಲಿ ಕತ್ತಲ ದೃಶ್ಯ ಓಡುವಾಗ ಹಿಂದೆ ನೆರಳು ಬಳಿದಂತೆ ಕಾಣುತ್ತದೆ. ಆಟಕ್ಕೂ ಓದಿಗೂ ಒಂದೇ ಪರದೆ ಅಂದರೆ ಐಪಿಎಸ್ ಕೊಡಿಸಿ.

ಪ್ರಶ್ನೆ (ಶಿವಮೊಗ್ಗ, ಶಿಕ್ಷಕಿ): ಸಂಜೆ ಹೊತ್ತಿಗೆ ಕಣ್ಣು ಉರಿ, ಕತ್ತು ನೋವು. ನೀಲಿ ಬೆಳಕು ತಡೆಯೋ ಮಾನಿಟರ್ ತಗೊಂಡರೆ ಸರಿ ಹೋಗುತ್ತಾ?

ಉತ್ತರ: ಮೇಡಂ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಅದರಿಂದಲೇ ಕಣ್ಣು ಒಣಗಿ ಉರಿಯುತ್ತದೆ. ಅಮೆರಿಕದ ನೇತ್ರ ವೈದ್ಯರ ಅಕಾಡೆಮಿ ಕೂಡ ಕಂಪ್ಯೂಟರ್ ಕೆಲಸಕ್ಕೆ ನೀಲಿ ಬೆಳಕಿನ ಕನ್ನಡಕವನ್ನು ಶಿಫಾರಸು ಮಾಡುವುದಿಲ್ಲ. ನೀಲಿ ತಡೆಯುವ ಸೆಟ್ಟಿಂಗ್ ವಿಂಡೋಸ್‌ನಲ್ಲೇ ಉಚಿತವಾಗಿದೆ, ಅದಕ್ಕಾಗಿ ಬೇರೆ ದುಡ್ಡು ಬೇಡ.

ನೀವು ನೋಡಬೇಕಾದದ್ದು ಸ್ಟ್ಯಾಂಡ್. ಎತ್ತರ ಬದಲಿಸಲು ಬರುತ್ತದಾ? ಅಗ್ಗದ ಮಾನಿಟರ್‌ಗಳಲ್ಲಿ ಹೆಚ್ಚಾಗಿ ಬರುವುದಿಲ್ಲ, ಹಿಂದೆ ಮುಂದೆ ಬಾಗುತ್ತವೆ ಅಷ್ಟೇ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ಸ್ವಲ್ಪ ಕೆಳಗೆ ಇರಬೇಕು. ದೂರ ಒಂದು ತೋಳಿನಷ್ಟು. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಇದ್ದರೆ ಇನ್ನೂ ಕೆಳಗೆ ಇಡಿ. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ಓದಲು ಗದ್ದ ಎತ್ತಿ ಎತ್ತಿ ಕತ್ತು ಹಿಡಿಯುತ್ತದೆ. ನಿಮ್ಮ ಕತ್ತು ನೋವಿಗೆ ಇದೇ ಕಾರಣ ಇರಬಹುದು, ಕೂತು ಒಮ್ಮೆ ಗಮನಿಸಿ. ಕಿಟಕಿ ಪರದೆಯ ಹಿಂದೆ ಬೇಡ, ನಿಮ್ಮ ಬೆನ್ನ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಬೆಳಕು ತಗ್ಗಿಸಿದಾಗ ಕೆಲವು ಮಾನಿಟರ್ ಮಿಣುಕುತ್ತವೆ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. 'ಫ್ಲಿಕರ್ ಫ್ರೀ' ಅಂತ ಬರೆದಿರುವುದನ್ನೇ ತಗೊಳ್ಳಿ.

ಪ್ರಶ್ನೆ (ಹಾಸನ, ಮದುವೆ ಫೋಟೋಗ್ರಾಫರ್): ಪರದೆ ಮೇಲೆ ಚೆನ್ನಾಗಿರೋ ಆಲ್ಬಂ ಪ್ರಿಂಟ್‌ನಲ್ಲಿ ಕಪ್ಪಾಗಿ ಬರುತ್ತೆ. ದುಬಾರಿ ಮಾನಿಟರ್ ತಗೋಬೇಕಾ?

ಉತ್ತರ: ಮೊದಲು ಈಗಿನದರ ಬೆಳಕು ಇಳಿಸಿ ನೋಡಿ. ಕಾರ್ಖಾನೆಯಿಂದ ಬರುವಾಗ ಬ್ರೈಟ್‌ನೆಸ್ ಬಹಳ ಜಾಸ್ತಿ ಇರುತ್ತದೆ. ಅಷ್ಟು ಬೆಳಕಿನಲ್ಲಿ ಫೋಟೋ ಸರಿಯಾಗಿ ಕಾಣಲಿ ಅಂತ ನೀವು ಅದನ್ನು ಕತ್ತಲೆ ಮಾಡಿಟ್ಟಿರುತ್ತೀರಿ. ಕಾಗದಕ್ಕೆ ತನ್ನದೇ ಬೆಳಕಿಲ್ಲವಲ್ಲ. ಪ್ರಿಂಟ್ ಕೆಲಸಕ್ಕೆ 100ರಿಂದ 120 ನಿಟ್ಸ್ (ಪರದೆಯ ಬೆಳಕಿನ ಅಳತೆ) ಸಾಕು.

ಹೊಸದು ಕೊಳ್ಳುವಾಗ ಎಸ್‌ಆರ್‌ಜಿಬಿ (ಕಂಪ್ಯೂಟರ್ ಪರದೆಯ ಸಾಮಾನ್ಯ ಬಣ್ಣಗಳ ಹರವು) ಶೇ. 99ಕ್ಕೆ ಕಡಿಮೆ ಇರಬಾರದು. ಕೆಲವು ಡಬ್ಬದ ಮೇಲೆ 'ಎನ್‌ಟಿಎಸ್‌ಸಿ ಶೇ. 72' ಅಂತ ಇರುತ್ತದೆ. ಅದು ಟಿವಿ ಬಣ್ಣಗಳ 1953ರ ಅಳತೆ. ಸುಮಾರಾಗಿ ಎಸ್‌ಆರ್‌ಜಿಬಿಯಷ್ಟೇ ಹರವು, ಹೆದರಬೇಡಿ. 'ಶೇ. 45' ಅಂತ ಇದ್ದರೆ ಬಿಟ್ಟುಬಿಡಿ, ಆ ಪರದೆಯಲ್ಲಿ ರೇಷ್ಮೆ ಸೀರೆಯ ಕೆಂಪು ಎಂದೂ ಸರಿ ಬರುವುದಿಲ್ಲ. ಡಿಸಿಐ-ಪಿ3 (ಇನ್ನೂ ದೊಡ್ಡ ಬಣ್ಣದ ಹರವು) ಇರುವುದನ್ನು ತಗೊಂಡರೆ ಅದರಲ್ಲಿ ಎಸ್‌ಆರ್‌ಜಿಬಿ ಮೋಡ್ ಇರಲೇಬೇಕು. ಇಲ್ಲದಿದ್ದರೆ ಅರಿಶಿನ, ಕುಂಕುಮ ಎಲ್ಲ ಉರಿಯುವಂತೆ ಕಂಡು ನೀವು ಬಣ್ಣ ತಗ್ಗಿಸುತ್ತೀರಿ, ಆಲ್ಬಂ ಪೇಲವವಾಗುತ್ತದೆ. ಅದೇ ದುಡ್ಡಿನಲ್ಲಿ ಮಧ್ಯಮ ದರದ ಐಪಿಎಸ್ ಜೊತೆ ಪರದೆಯ ಬಣ್ಣ ಅಳೆದು ಸರಿಪಡಿಸುವ ಒಂದು ಕ್ಯಾಲಿಬ್ರೇಟರ್ ಉಪಕರಣ ಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ದಾರಿ.

ಪ್ರಶ್ನೆ (ಕಲಬುರಗಿ): ಮನ್ಯಾಗ 32 ಇಂಚಿನ ಟಿವಿ ಐತಿ. ಅದನ್ನೇ ಮಾನಿಟರ್ ಮಾಡ್ಕೊಬಹುದಾ?

ಉತ್ತರ: ಸಿನಿಮಾಕ್ಕೆ ಆಯ್ತು, ಓದಲು ಬೇಡ. 32 ಇಂಚಿನ ಟಿವಿಗಳಲ್ಲಿ ಬಹುಪಾಲು 'ಎಚ್‌ಡಿ ರೆಡಿ', ಅಂದರೆ 1366×768. ಇಂಚಿಗೆ 49 ಪಿಕ್ಸೆಲ್.

ಪ್ರಶ್ನೆ (ಬೆಂಗಳೂರು, ವಿದ್ಯಾರ್ಥಿ): ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಸೇಫಾ ಸರ್?

ಉತ್ತರ: ನೋಡಿ ತಗೊಂಡರೆ ಸೇಫ್. ಕಚೇರಿಗಳಿಂದ ಹೊರಬಿದ್ದ ಮಾನಿಟರ್‌ಗಳಲ್ಲಿ ಒಳ್ಳೆಯ ಸ್ಟ್ಯಾಂಡ್ ಇರುವ ಐಪಿಎಸ್‌ಗಳು ಸಿಗುತ್ತವೆ. ಹಿಂದಿನ ಸ್ಟಿಕರ್‌ನಲ್ಲಿ ತಯಾರಾದ ವರ್ಷ ಓದಿ. ನಿಮ್ಮ ಲ್ಯಾಪ್‌ಟಾಪ್, ಕೇಬಲ್ ತಗೊಂಡು ಹೋಗಿ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪರದೆ ತುಂಬ ಹಾಕಿ ನೋಡಿ. ಬಿಳಿಯಲ್ಲಿ ಹಳದಿ ಮಚ್ಚೆ ಕಂಡರೆ ಬೇಡ. ಹತ್ತು ಹದಿನೈದು ನಿಮಿಷ ಚಾಲೂ ಇಟ್ಟು, ಬಿಸಿಯಾದ ಮೇಲೆ ಮಿಣುಕುತ್ತದಾ ನೋಡಿ. ಅಡಾಪ್ಟರ್ ಬೇರೆ ಇರುವ ಮಾಡೆಲ್ ಆದರೆ ಇನ್ನೂ ಅನುಕೂಲ. ಕರೆಂಟ್ ಏರಿಳಿತಕ್ಕೆ ಸುಟ್ಟರೂ ಅದೇ ವೋಲ್ಟೇಜ್, ಅದೇ ಪಿನ್‌ನದು, ಆಂಪಿಯರ್ ಕಡಿಮೆ ಇಲ್ಲದ್ದು ತಂದು ಹಾಕಬಹುದು. ಓಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ, ಹಳೆಯ ಚಿತ್ರದ ಗುರುತು ಉಳಿದಿರಬಹುದು.

ಪ್ರಶ್ನೆ (ತುಮಕೂರು): ಹೊಸ ಮಾನಿಟರ್‌ನಲ್ಲಿ ಒಂದು ಚುಕ್ಕೆ ಯಾವಾಗಲೂ ಬೆಳ್ಳಗೆ ಹೊಳೀತಿದೆ. ಕಂಪನಿಯವರು ಬದಲಿಸಲ್ಲ ಅಂತಾರೆ. ಇದು ಮೋಸ ಅಲ್ವಾ?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಬಹಳ ಕಂಪನಿಗಳು ಪಾಲಿಸುವುದು ಐಎಸ್‌ಒ 9241-307 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೇ ವರ್ಗ. ಅದರ ಪ್ರಕಾರ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಹೊಳೆಯುವ ಎರಡು ಚುಕ್ಕೆ ಇದ್ದರೂ ಅದು ದೋಷವಲ್ಲ. ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲೆ ಪಿಕ್ಸೆಲ್ ಇವೆ, ಹಾಗಾಗಿ ನಾಲ್ಕು ಚುಕ್ಕೆ ಇದ್ದರೂ ಅವರು ಒಪ್ಪದೇ ಇರಬಹುದು. ಕೆಲವು ಕಂಪನಿ, ಕೆಲವು ಮಾಡೆಲ್‌ಗೆ ಒಂದೇ ಒಂದು ಹೊಳೆಯುವ ಚುಕ್ಕೆಗೂ ಬದಲಿ ಕೊಡುತ್ತವೆ. ವಾರಂಟಿ ಹಾಳೆಯಲ್ಲಿ ಅದನ್ನು ಬರೆದಿರುತ್ತಾರೆ, ಓದಿ ನೋಡಿ. ವಾರಂಟಿ ಕೈಕೊಟ್ಟರೂ ಅಂಗಡಿಯ ವಾಪಸ್ ಅವಧಿ ಬೇರೆ, ಅದಕ್ಕೆ ಈ ಲೆಕ್ಕ ಅನ್ವಯಿಸದೇ ಇರಬಹುದು. ಕೊಂಡು ಎಷ್ಟು ದಿನ ಆಯಿತು? ಬಿಲ್ ಮತ್ತು ಮಾಡೆಲ್ ನಂಬರ್ ಫೋಟೋ ನನಗೆ ಕಳಿಸಿ, ಸೀರಿಯಲ್ ನಂಬರ್ ಮುಚ್ಚಿರಲಿ. ನೋಡಿ ಹೇಳುತ್ತೇನೆ.