ಪದಚರ್ಚೆ: ‘ಕವಿಸ್ವಾತಂತ್ರ್ಯ’ ಒಂದೇ ಪದ ಸಾಕೆ?

ಗೆಳೆಯರೇ,

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ವಾರಾಂತ್ಯದ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೂ ಬೇಸಿಗೆಗೆಂದು ಊರಿನಿಂದ ಬರುವ ಅಜ್ಜ-ಅಜ್ಜಿಯರಿಗೂ ಒಟ್ಟಿಗೆ ಕೂರಿಸಿ ಒಂದು ಹಳೆಯ ಸಿನಿಮಾ ತೋರಿಸುವುದೆಂದು ಮಾತಾಗಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 2026ರ ಜುಲೈಗೆ 250 ವರ್ಷ. ಹಾಗಾಗಿ ಆರಿಸಿದ್ದು 1972ರ ‘1776’. ಬ್ರಾಡ್‌ವೇಯ ಸಂಗೀತ ನಾಟಕವೊಂದನ್ನು ತೆರೆಗೆ ತಂದ ಚಿತ್ರ. ಜಾನ್ ಆಡಮ್ಸ್, ಫ್ರಾಂಕ್ಲಿನ್, ಜೆಫರ್ಸನ್ ಹಾಡು ಹೇಳಿಕೊಂಡು ದೇಶ ಕಟ್ಟುತ್ತಾರೆ. ನೋಡುವವರ ಕೈಗೆ ಎರಡು ಪುಟದ ಕನ್ನಡ ಟಿಪ್ಪಣಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಇದರಲ್ಲಿ ನಡೆದದ್ದೆಷ್ಟು, ಹೆಣೆದದ್ದೆಷ್ಟು ಎಂದು ಬರೆಯಲು ಕೂತಾಗ ಪೆನ್ನು ನಿಂತಿತು.

ಮೊದಲ ಸಾಲಿಗೇ ತೊಡಕು. ‘1776 ಒಂದು ಐತಿಹಾಸಿಕ ಚಿತ್ರ’ ಎಂದು ಬರೆದೆ. ನಮ್ಮ ಹಳೆಯ ಸಿನಿಮಾ ಪ್ರಚಾರದಲ್ಲಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂಬ ಮೂರು ಖಾನೆ ಇದ್ದಾಗ ಈ ಮಾತಿಗೆ ಒಂದೇ ಅರ್ಥ. ಈಗ ಪತ್ರಿಕೆ ತೆರೆದರೆ ‘ಐತಿಹಾಸಿಕ ಗೆಲುವು’, ‘ಐತಿಹಾಸಿಕ ತೀರ್ಪು’. ಹಾಗಾಗಿ ನನ್ನ ಸಾಲು ಓದಿದವರೊಬ್ಬರು ‘ಅಷ್ಟು ದೊಡ್ಡ ಚಿತ್ರವೇ?’ ಎಂದು ಕೇಳಿದರು. ‘ಚಾರಿತ್ರಿಕ’ಕ್ಕೂ ಅದೇ ಗತಿ ಬರುತ್ತಿದೆ. ಅಲ್ಲದೆ ‘ಚರಿತೆ’ಗೆ ನಮ್ಮಲ್ಲಿ ನಡೆದದ್ದನ್ನೇ ಹೇಳಬೇಕೆಂಬ ಕಟ್ಟು ಎಂದೂ ಇರಲಿಲ್ಲ, ಜನ್ನನ ‘ಯಶೋಧರ ಚರಿತೆ’ಯನ್ನು ಯಾರೂ ದಾಖಲೆಯೆಂದು ಓದುವುದಿಲ್ಲ. ‘ಇತಿಹಾಸ’ ಹಾಗಲ್ಲ. ಇತಿ-ಹ-ಆಸ, ‘ಹೀಗೇ ಇತ್ತು’ ಎಂಬ ಆಣೆ ಅದರ ಹೊಟ್ಟೆಯಲ್ಲೇ ಇದೆ. ಕೊನೆಗೆ ‘ಇತಿಹಾಸದ ಕಥಾವಸ್ತುವಿನ ಚಿತ್ರ’ ಎಂದು ಉದ್ದ ಮಾಡಿ ಬಿಟ್ಟೆ. ‘ಹಿಸ್ಟಾರಿಕಲ್ ಆಕ್ಯುರಸಿ’ಗೆ ‘ಚಾರಿತ್ರಿಕ ನಿಖರತೆ’ ಎಂದು ಹಾಕಿದ್ದನ್ನೂ ಹೊಡೆದುಹಾಕಿದ್ದೇನೆ. ತಕ್ಕಡಿಯಲ್ಲಿ ತೂಗಿದ ಹಾಗೆ ಕೇಳುತ್ತದೆ. ಅನುವಾದದ ಬಗ್ಗೆ ‘ಮೂಲನಿಷ್ಠ’ ಎನ್ನುತ್ತೇವಲ್ಲ, ಆ ದಾರಿಯಲ್ಲಿ ‘ದಾಖಲೆಗೆ ನಿಷ್ಠ’ ಎಂದಿಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ನನ್ನ ನಿಜವಾದ ಪ್ರಶ್ನೆ ಇನ್ನೊಂದು ಪಕ್ಕದ್ದು. ದಾಖಲೆ ಬಿಟ್ಟು ಸಿನಿಮಾದವರು ಮಾಡಿದ್ದಕ್ಕೆಲ್ಲ ನಾವು ‘ಕವಿಸ್ವಾತಂತ್ರ್ಯ’ ಎಂದು ಒಂದೇ ಚೀಟಿ ಅಂಟಿಸುತ್ತೇವೆ. (ಕೆಲವರು ಈ ಅರ್ಥದಲ್ಲಿ ‘ಕವಿಸಮಯ’ ಎಂದೂ ಬರೆಯುತ್ತಾರೆ. ಅದು ತಪ್ಪು. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು-ನೀರು ಬೇರ್ಪಡಿಸುತ್ತದೆ ಎಂಬಂಥ, ಕವಿಗಳೆಲ್ಲ ಒಪ್ಪಿ ನಡೆಸಿಕೊಂಡು ಬಂದ ರೂಢಿ ಕವಿಸಮಯ.) ಈ ಚಿತ್ರವನ್ನು ದಾಖಲೆಯ ಪಕ್ಕದಲ್ಲಿಟ್ಟು ನೋಡಿದರೆ ಆ ಒಂದೇ ಚೀಟಿಯ ಕೆಳಗೆ ಬೇರೆ ಬೇರೆ ಜಾತಿಯ ಕೆಲಸಗಳು ಸೇರಿಕೊಂಡಿರುವುದು ಕಾಣುತ್ತದೆ.

ಕಥೆ ನಡೆಯುವುದು ಫಿಲಡೆಲ್ಫಿಯಾದ ಒಂದು ಕೋಣೆಯಲ್ಲಿ; ಅಲ್ಲಿ ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ, ಬಾಗಿಲು ಹಾಕಿಕೊಂಡು ಸೇರುತ್ತಿತ್ತು. ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಬರೆದಿಟ್ಟದ್ದು ಸೂಚನೆ, ನಿರ್ಣಯಗಳನ್ನು ಮಾತ್ರ. ಯಾರು ಏನೆಂದು ವಾದಿಸಿದರು ಎಂಬುದು ಆ ಕಡತದಲ್ಲಿಲ್ಲ. ಹಾಗಿರುವಾಗ ಸಂಭಾಷಣೆ ಬರೆಯುವವನು ಹುಟ್ಟಿಸಿಯೇ ಬರೆಯಬೇಕು. ಇದನ್ನು ನಾನು ‘ತುಂಬಿದ್ದು’ ಎನ್ನುತ್ತೇನೆ. ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತು. ಪದ್ಯ ಎರಡು ಸಾಲು, ಅರ್ಥಧಾರಿಯ ಮಾತು ಅರ್ಧ ಗಂಟೆ. ಕರ್ಣನ ಪಾತ್ರಧಾರಿ ಕೃಷ್ಣನ ಬಾಯಿ ಕಟ್ಟಿಸುವಷ್ಟು ವಾದ ಮಾಡಬಹುದು. ಆದರೆ ಯುದ್ಧದಲ್ಲಿ ಕರ್ಣ ಗೆಲ್ಲುವಂತಿಲ್ಲ.

ಎರಡನೆಯದು ಕಾಲವನ್ನು ಹಿಂದುಮುಂದು ಮಾಡುವುದು. ಚಿತ್ರದಲ್ಲಿ ಜೆಫರ್ಸನ್ ಬರೆದ ಘೋಷಣೆಯ ಕರಡನ್ನು ಮೊದಲು ಓದುತ್ತಾರೆ, ಗುಲಾಮ ವ್ಯಾಪಾರವನ್ನು ಖಂಡಿಸುವ ಭಾಗಕ್ಕೆ ದಕ್ಷಿಣದವರು ಸಿಡಿದೆದ್ದು ಸಭೆ ಬಿಟ್ಟು ನಡೆಯುತ್ತಾರೆ, ಆ ಭಾಗ ಕಿತ್ತುಹಾಕಿದ ಮೇಲೆ ಸ್ವಾತಂತ್ರ್ಯಕ್ಕೆ ಮತ ಬೀಳುತ್ತದೆ. ನಡೆದದ್ದು ಉಲ್ಟಾ. ಸ್ವಾತಂತ್ರ್ಯದ ನಿರ್ಣಯ ಜುಲೈ 2ರಂದೇ ಗೆದ್ದಿತ್ತು. ಹನ್ನೆರಡು ವಸಾಹತುಗಳು ಪರ, ನ್ಯೂಯಾರ್ಕ್ ಮತ ಹಾಕಲಿಲ್ಲ. ಕರಡು ತಿದ್ದುವ ಕೆಲಸ ಅದಾದ ಮೇಲೆ 4ರವರೆಗೆ ನಡೆಯಿತು. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು. ಚಿತ್ರದಲ್ಲಿ ಜುಲೈ 4ರಂದೇ ಗಂಟೆ ಬಾರಿಸಿಕೊಂಡು ಸಹಿ. ಇದಕ್ಕೆ ‘ಸ್ಥಾನಪಲ್ಲಟ’ದ ಜಾಡಿನಲ್ಲಿ ‘ಕಾಲಪಲ್ಲಟ’ ಎನ್ನಬಹುದೆಂದು ನನ್ನ ಎಣಿಕೆ. ಆ ಭಾಗವನ್ನು ದಕ್ಷಿಣ ಕೆರೊಲಿನಾ, ಜಾರ್ಜಿಯಾಗಳ ಮನ ಉಳಿಸಲು ತೆಗೆದರೆಂದು ಜೆಫರ್ಸನ್ನನೇ ಬರೆದಿಟ್ಟಿದ್ದಾನೆ, ಉತ್ತರದವರಿಗೂ ಅದು ಚುಚ್ಚುತ್ತಿತ್ತೆಂದು ಕೂಡ. ಹಾಗಾಗಿ ಈ ಪಲ್ಲಟ ತಾರೀಖಿಗೆ ಸುಳ್ಳಾದರೂ ಒಳಗಿನ ಕೊಡುಕೊಳ್ಳುವಿಕೆಯನ್ನು ಬಿಚ್ಚಿ ತೋರಿಸುತ್ತದೆ. ಉತ್ತರದ ಹಡಗುಗಳೂ ಆ ವ್ಯಾಪಾರದಲ್ಲಿ ದುಡ್ಡು ಮಾಡಿದ್ದನ್ನು ಚಿತ್ರದ ಒಂದು ಹಾಡು ಮುಖಕ್ಕೆ ಹಿಡಿಯುತ್ತದೆ. ಆ ಹಾಡು ಮುಗಿದ ಮೇಲಿನ ಮೌನಕ್ಕಾಗಿಯೇ ನಾನು ಈ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ.

ಮೂರನೆಯದಕ್ಕೆ ನನ್ನಲ್ಲಿ ಪದವಿಲ್ಲ. ದಾಖಲೆ ಸುಮ್ಮನಿರುವ ಕಡೆ ಅಲ್ಲ, ದಾಖಲೆ ಬಾಯಿಬಿಟ್ಟು ಹೇಳಿರುವ ಕಡೆಯೇ ಅದಕ್ಕೆ ಎದುರಾಗಿ ಬರೆಯುವುದು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಚಿತ್ರದಲ್ಲಿ, ಸ್ವಾತಂತ್ರ್ಯ ಬೇಡವೆನ್ನುವ ತನ್ನದೇ ವಸಾಹತಿನ ಡಿಕಿನ್ಸನ್ನನ ಬೆನ್ನಿಗೆ ಅಂಟಿಕೊಂಡ ಪುಕ್ಕಲ. ತನ್ನ ಹೆಸರು ಯಾರ ನೆನಪಿನಲ್ಲೂ ಉಳಿಯಬಾರದೆಂದು ಕೊನೆ ಗಳಿಗೆಯಲ್ಲಿ ಪರವಾಗಿ ಮತ ಹಾಕುತ್ತಾನೆ. ನಿಜವಾದ ವಿಲ್ಸನ್ ಬ್ರಿಟಿಷ್ ಪಾರ್ಲಿಮೆಂಟಿಗೆ ವಸಾಹತುಗಳ ಮೇಲೆ ಅಧಿಕಾರವಿಲ್ಲವೆಂದು 1774ರಲ್ಲೇ ಅಚ್ಚು ಹಾಕಿಸಿದವನು, ಮುಂದೆ ಸಂವಿಧಾನಕ್ಕೂ ಸಹಿ ಹಾಕಿ ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿಗಳಲ್ಲಿ ಒಬ್ಬನಾದವನು. ಜುಲೈ 2ರಂದು ಡಿಕಿನ್ಸನ್, ರಾಬರ್ಟ್ ಮಾರಿಸ್ ಇಬ್ಬರೂ ದೂರ ಉಳಿದದ್ದರಿಂದ ಪೆನ್ಸಿಲ್ವೇನಿಯಾ ಮೂರಕ್ಕೆ ಎರಡರಂತೆ ಪರವಾಯಿತು. ನಾಟಕಕ್ಕೆ ಒಬ್ಬ ಪುಕ್ಕಲ ಬೇಕಿತ್ತು, ಈತ ಸಿಕ್ಕಿದ.

ಇದಕ್ಕಿಂತ ನನ್ನನ್ನು ಕಾಡಿದ್ದು ಒಂದು ಸಣ್ಣ ಮಾತು. ನೀನೂ ಗುಲಾಮರನ್ನು ಇಟ್ಟುಕೊಂಡವನಲ್ಲವೇ ಎಂದು ದಕ್ಷಿಣದ ರಟ್ಲೆಜ್ ಕೇಳಿದಾಗ, ಅವರನ್ನು ಬಿಡುಗಡೆ ಮಾಡಲು ಆಗಲೇ ನಿರ್ಧರಿಸಿದ್ದೇನೆ ಎಂದು ಜೆಫರ್ಸನ್ ಹೇಳುತ್ತಾನೆ. ಒಂದೇ ಸಾಲು, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಆತ ತಾನಿರುವಾಗ ಬಿಡುಗಡೆ ಮಾಡಿದ್ದು ಇಬ್ಬರನ್ನು, ಉಯಿಲಿನಲ್ಲಿ ಐವರನ್ನು. ಅವನು ಸತ್ತ ಮೇಲೆ, 1827ರ ಜನವರಿಯಲ್ಲಿ, ಅವನ ತೋಟದ ಮನೆ ಮಾಂಟಿಚೆಲ್ಲೋದಲ್ಲಿ 130 ಜನರನ್ನು ಹರಾಜಿಗೆ ಇಟ್ಟರು. ಹೆಸರು ಹೆಸರು ಬರೆದಿಟ್ಟ ಅವನದೇ ತೋಟದ ಲೆಕ್ಕದ ಪುಸ್ತಕ ಇಂದಿಗೂ ಇದೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಪದ ಸಿಕ್ಕೀತೆಂದು ಹುಡುಕಿದೆ. ಧನಂಜಯನ ನಾಟ್ಯಶಾಸ್ತ್ರ ಗ್ರಂಥ ‘ದಶರೂಪಕ’ವು ನಾಟಕದ ಇತಿವೃತ್ತವನ್ನು, ಅಂದರೆ ಕಥಾವಸ್ತುವನ್ನು, ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ವಿಂಗಡಿಸುತ್ತದೆ: ಇತಿಹಾಸಾದಿಗಳಿಂದ ಬಂದದ್ದು, ಕವಿ ಕಲ್ಪಿಸಿದ್ದು, ಎರಡೂ ಬೆರೆತದ್ದು. ‘1776’ ಮಿಶ್ರ ಎಂದರೆ ಮುಗಿಯಿತು ಎನ್ನಿಸಿತು. ಆದರೆ ಅಲ್ಲೇ ಇನ್ನೊಂದು ಸೂಚನೆ ಇದೆ. ಮೂಲಕಥೆಯಲ್ಲಿ ನಾಯಕನಿಗೋ ರಸಕ್ಕೋ ಒಪ್ಪದ್ದು ಇದ್ದರೆ ಅದನ್ನು ಬಿಟ್ಟುಬಿಡಬೇಕು, ಇಲ್ಲವೇ ಬೇರೆ ಥರ ಕಲ್ಪಿಸಬೇಕು. ವ್ಯಾಖ್ಯಾನಕಾರ ಧನಿಕ ಕೊಡುವ ಉದಾಹರಣೆ ವಾಲಿವಧೆ. ಮರೆಯಲ್ಲಿ ನಿಂತು ಕೊಂದದ್ದು ರಾಮನಿಗೆ ಒಪ್ಪುವುದಿಲ್ಲವೆಂದು ‘ಉದಾತ್ತರಾಘವ’ದ ಕವಿ ಅದನ್ನು ಕೈಬಿಟ್ಟ. ಜೆಫರ್ಸನ್ನನ ಬಾಯಿಗೆ ಆ ಸಾಲು ಇಟ್ಟವರು ತಿಳಿದೋ ತಿಳಿಯದೆಯೋ ಇದೇ ಸೂತ್ರ ಪಾಲಿಸಿದ್ದಾರೆ: ನಾಯಕನ ಔದಾರ್ಯಕ್ಕೆ ಕುಂದು ಬರಬಾರದು. ಶಾಸ್ತ್ರದ ಭಾಷೆಯಲ್ಲಿ ಇದು ‘ಔಚಿತ್ಯ’. ಆ ಪದವನ್ನು ಇಲ್ಲಿಗೆ ತರಲು ನನ್ನ ಕೈ ಬರುವುದಿಲ್ಲ. ವಾಲಿಯ ಮೊಮ್ಮಕ್ಕಳು ನಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ನಾಟಕ ನೋಡುವುದಿಲ್ಲ. ಮಾಂಟಿಚೆಲ್ಲೋದಲ್ಲಿ ಹರಾಜಾದವರ ವಂಶದವರು ಈ ದೇಶದಲ್ಲಿ ಇದ್ದಾರೆ, ಈ ಚಿತ್ರ ನೋಡುತ್ತಾರೆ.

‘ತಿರುಚಿದ್ದು’ ಎನ್ನಬಹುದೇ? ಅದರಲ್ಲಿ ಕೇಡಿನ ಉದ್ದೇಶದ ವಾಸನೆ ಇದೆ, ಬರೆದವರ ಮನಸ್ಸಿನಲ್ಲಿ ಅದಿತ್ತೆಂದು ನನಗನ್ನಿಸುವುದಿಲ್ಲ. ‘ಬಣ್ಣ ಕಟ್ಟಿದ್ದು’ ಎಂದರೆ ಇದ್ದದ್ದನ್ನೇ ಹಿಗ್ಗಿಸಿದ ಹಾಗೆ. ಸದ್ಯ ನನ್ನ ಕರಡಿನಲ್ಲಿರುವುದು ‘ತೇಪೆ’. ಹರಿದದ್ದು ಕಾಣದಂತೆ ಮೇಲೊಂದು ತುಂಡು ಹಚ್ಚುವುದು. ನಮ್ಮಜ್ಜಿ ಅಂಗಿಯ ಮೊಣಕೈಗೆ ಅದೇ ಬಣ್ಣದ ಬಟ್ಟೆ ಹುಡುಕಿ ಹಚ್ಚುತ್ತಿದ್ದಳು. ಮುಟ್ಟಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಜೆಫರ್ಸನ್ನನ ಸಾಲು ಹಾಗೇ ಇದೆ. ಆದರೆ ವಿಲ್ಸನ್‌ಗೆ ಈ ಪದ ಹೊಂದುವುದಿಲ್ಲ; ಅಲ್ಲಿ ಹರಿಯದ ಬಟ್ಟೆಯನ್ನೇ ಹರಿದಿದ್ದಾರೆ. ಎರಡನ್ನೂ ಹಿಡಿಯುವ ಒಂದು ಮಾತು ನಿಮ್ಮ ಕಡೆ ಇದೆಯೇ? ಧಾರವಾಡದವರು, ಕುಂದಾಪುರದವರು, ಕಂಪನಿ ನಾಟಕದ ನಂಟಿದ್ದವರು ದಯವಿಟ್ಟು ನೆನಪು ಮಾಡಿಕೊಳ್ಳಿ. ತಾಳಮದ್ದಳೆಯಲ್ಲಿ ಪ್ರಸಂಗವನ್ನೇ ಮೀರಿ ಅರ್ಥ ಹೇಳಿದವರನ್ನು ಏನೆಂದು ಆಡಿಕೊಳ್ಳುತ್ತಿದ್ದರು?

ಕೊನೆಯದಾಗಿ ಒಂದು ಚಿಕ್ಕ ಪ್ರಶ್ನೆ. ಆಡಮ್ಸ್‌ನನ್ನು ಚಿತ್ರದುದ್ದಕ್ಕೂ ‘ಆಬ್‌ನಾಕ್ಷಸ್’ ಎಂದು ಕರೆಯುತ್ತಾರೆ. ಆ ಪದ ಅವನದೇ. ಘೋಷಣೆಯನ್ನು ಜೆಫರ್ಸನ್ನನೇ ಬರೆಯಲಿ ಎಂದದ್ದಕ್ಕೆ ಕಾರಣ ಕೊಡುತ್ತಾ 1822ರ ಪತ್ರವೊಂದರಲ್ಲಿ ತನ್ನ ಬಗ್ಗೆ ತಾನೇ ಹಾಗೆ ಹೇಳಿಕೊಂಡಿದ್ದಾನೆ. ಅಂದರೆ 46 ವರ್ಷದ ಹಿಂದಿನ ನೆನಪು. ಅದು ಸರಿಯಲ್ಲವೆಂದು ಜೆಫರ್ಸನ್ ಮರುವರ್ಷವೇ ತಕರಾರು ತೆಗೆದ. ಆ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ‘ಇತರರ ದೂಷಣೆಗೆ ಗುರಿಯಾದ’ ಎಂಬ ಹಳೆಯ ಅರ್ಥವೂ ಇತ್ತು; ಇಂದಿನ ಪ್ರೇಕ್ಷಕರಿಗೆ ಕೇಳುವುದು ‘ಅಸಹ್ಯ ಹುಟ್ಟಿಸುವವ’ ಎಂದು. ‘ಅಪ್ರಿಯ’ ಸಪ್ಪೆ, ‘ಕಿರಿಕಿರಿ’ ಹಗುರ. ‘ನಾನು ಅವರ ಕಣ್ಣಿಗೆ ಬಿದ್ದ ಕಸ’ ಎಂದು ಬರೆದಿದ್ದೇನೆ, ಹಳೆಯ ಅರ್ಥ ಅದರಲ್ಲಿ ಉಳಿಯಿತೋ ಇಲ್ಲವೋ ಎಂಬ ಅನುಮಾನವಿದೆ. ಟಿಪ್ಪಣಿ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನವಿದೆ.